ವಿಶ್ವವಿದ್ಯಾಲಯದ ನಿಧಿ: ಹೊಣೆ ಅರಿತು ಹೂಡುವುದು ಹೇಗೆ?

‘ತಂಬಾಕು, ಶಸ್ತ್ರಾಸ್ತ್ರ, ಕಲ್ಲಿದ್ದಲು ಕಂಪನಿಗಳಲ್ಲಿ ನಮ್ಮ ದುಡ್ಡು ಬೇಡ’ ಎಂದು ವಿಶ್ವವಿದ್ಯಾಲಯದ ಸಭೆಯಲ್ಲಿ ನಿರ್ಣಯ ಪಾಸಾಗುತ್ತದೆ. ಪತ್ರಿಕಾ ಪ್ರಕಟಣೆಯೂ ಹೋಗುತ್ತದೆ. ವರ್ಷ ಕಳೆದು ನೋಡಿದರೆ ದುಡ್ಡು ಇದ್ದಲ್ಲೇ ಇರುತ್ತದೆ. ಯಾರೂ ಮೋಸ ಮಾಡಿರುವುದಿಲ್ಲ, ಕೆಳಗಿನ ಆರು ಹಂತಗಳಲ್ಲಿ ಮೂರನೆಯದನ್ನು ಹಾರಿಸಿರುತ್ತಾರೆ ಅಷ್ಟೇ.

ಹಂತ 1: ದಾನಪತ್ರಗಳನ್ನು ಓದಿ. ಯಾವ ದತ್ತಿಗೆ ಯಾವ ಷರತ್ತು ಇದೆ ಎಂದು ಬರೆದಿಡಿ.

ಹಂತ 2: ಸಮಿತಿ ಮಾಡಿ. ಹೂಡಿಕೆ ಬಲ್ಲವರ ಜೊತೆ ಅಧ್ಯಾಪಕರು, ವಿದ್ಯಾರ್ಥಿಗಳೂ ಇರಲಿ. ಅವರನ್ನು ಸುಮ್ನೆ ಕೂರಿಸಬೇಡಿ, ಮತದ ಹಕ್ಕು ಕೊಡಿ. 1977ರಲ್ಲಿ ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜು ವರ್ಣಭೇದದ ದಕ್ಷಿಣ ಆಫ್ರಿಕಾ ಜೊತೆ ವ್ಯವಹಾರವಿದ್ದ ಕಂಪನಿಗಳ ಷೇರು ಮಾರಿದ್ದು ವಿದ್ಯಾರ್ಥಿಗಳು ಪಟ್ಟು ಹಿಡಿದಿದ್ದರಿಂದ.

ಹಂತ 3: ದುಡ್ಡು ನಿಜವಾಗಿ ಎಲ್ಲಿದೆ ಎಂದು ಹುಡುಕಿ. ಇಲ್ಲಿ ಅವಸರ ಬೇಡ. ಎಷ್ಟೋ ವಿಶ್ವವಿದ್ಯಾಲಯಗಳು ಕಂಪನಿಗಳ ಷೇರನ್ನು ನೇರವಾಗಿ ಇಟ್ಟುಕೊಂಡಿರುವುದಿಲ್ಲ. ಅವರ ಕೈಲಿರುವುದು ಫಂಡ್‌ಗಳ (ಹಲವರ ದುಡ್ಡು ಸೇರಿಸಿ ಷೇರು, ಬಾಂಡ್ ಕೊಳ್ಳುವ ನಿಧಿಗಳ) ಯೂನಿಟ್, ಅಂದರೆ ಪಾಲು. ‘ನಮ್ಮ ಬಳಿ ಕಲ್ಲಿದ್ದಲು ಷೇರು ಒಂದೂ ಇಲ್ಲ’ ಎಂಬ ಮಾತು ಕಾಗದದ ಮೇಲೆ ನಿಜ. ಆದರೆ ಯೂನಿಟ್ ಒಳಗೆ ಅದೇ ಷೇರು ಕೂತಿರುತ್ತದೆ.

ಹಾಗಾಗಿ ಪ್ರತಿ ಫಂಡ್ ಮ್ಯಾನೇಜರ್‌ಗೂ ಪತ್ರ ಬರೆದು, ಒಂದೇ ದಿನಾಂಕಕ್ಕೆ ಫಂಡ್ ಒಳಗೆ ಏನೇನಿದೆ ಎಂಬ ಪೂರ್ತಿ ಪಟ್ಟಿ ಕೇಳಿ. ಮೊದಲ ಹತ್ತು ಹೆಸರಿನ ಪಟ್ಟಿ ಕಳಿಸಿದರೆ ಒಪ್ಪಬೇಡಿ. ಫಂಡ್ ಒಳಗೆ ಇನ್ನೊಂದು ಫಂಡ್ ಇದ್ದರೆ ಅದರ ಪಟ್ಟಿಯೂ ಬೇಕು. ಬಾಂಡ್‌ಗಳನ್ನು ಮರೆಯುವವರೇ ಜಾಸ್ತಿ. ಕಂಪನಿಯ ಬಾಂಡ್ ಕೊಂಡರೆ ಅದಕ್ಕೆ ಸಾಲ ಕೊಟ್ಟಂತೆ, ಅಲ್ವಾ? ಬಂದ ಪಟ್ಟಿಯನ್ನು ನಿಮಗೆ ಬೇಡದ ಕಂಪನಿಗಳ ಜೊತೆ ಹೆಸರು ನೋಡಿ ಹೊಂದಿಸಬೇಡಿ, ಪ್ರತಿ ಷೇರು, ಬಾಂಡ್‌ಗೂ ಇರುವ 12 ಅಕ್ಷರ-ಅಂಕಿಗಳ ಐಎಸ್‌ಐಎನ್ ಸಂಕೇತದಿಂದ ಹೊಂದಿಸಿ. ಅಂಗಸಂಸ್ಥೆಗೆ ಬೇರೆ ಹೆಸರೂ ಬೇರೆ ಸಂಕೇತವೂ ಇರುತ್ತದೆ, ಅದರ ಒಡೆತನ ಯಾರದ್ದೆಂದು ನೋಡಲೇಬೇಕು.

ಪ್ರೈವೇಟ್ ಈಕ್ವಿಟಿ ಫಂಡ್‌ಗಳಲ್ಲಿ (ಷೇರುಪೇಟೆಯಲ್ಲಿ ಇಲ್ಲದ ಕಂಪನಿಗಳಲ್ಲಿ ಹೂಡುವ ಫಂಡ್‌ಗಳಲ್ಲಿ) ದುಡ್ಡು ಹತ್ತು ವರ್ಷ ಸಿಕ್ಕಿಕೊಂಡಿರಬಹುದು. ಅವಸರದಲ್ಲಿ ಮಾರಿದರೆ ನಷ್ಟ. ಹೊಸದಾಗಿ ಹಾಕುವುದನ್ನು ನಿಲ್ಲಿಸಿ, ಹಳೆಯದು ತಾನಾಗಿ ಮುಗಿಯಲು ಬಿಡಿ. 2021ರಲ್ಲಿ ಹಾರ್ವರ್ಡ್ ಪಳೆಯುಳಿಕೆ ಇಂಧನದಿಂದ ಹೊರಬರುವ ಮಾತಾಡಿದಾಗ ಇಂಥ ಹಳೆಯ ಹೂಡಿಕೆಗೆ ಹಿಡಿದ ದಾರಿ ಇದೇ.

ಪಟ್ಟಿ ಕೊಡಲು ಒಪ್ಪದ ಮ್ಯಾನೇಜರ್‌ನನ್ನು ಬದಲಿಸಿ. ಇದರಲ್ಲಿ ರಾಜಿ ಬೇಡ.

ಇಷ್ಟೆಲ್ಲ ಯಾಕೆ, ‘ಹಸಿರು’ ಎಂದು ಬರೆದಿರುವ ಫಂಡ್ ಕೊಂಡರೆ ಸಾಲದೇ ಎಂದು ಕೇಳುತ್ತಾರೆ. ಸಾಲದು. ಇಎಸ್‌ಜಿ (ಪರಿಸರ, ಸಮಾಜ, ಆಡಳಿತ) ನೋಡಿ ಕಂಪನಿಗಳಿಗೆ ಕೊಡುವ ರೇಟಿಂಗ್‌ಗಳಲ್ಲಿ ಹಲವು ಅಳೆಯುವುದು ಪರಿಸರದಿಂದ ಕಂಪನಿಯ ಲಾಭಕ್ಕೆ ಇರುವ ಅಪಾಯವನ್ನು. ಕಂಪನಿಯಿಂದ ಪರಿಸರಕ್ಕಾಗುವ ಹಾನಿಯ ಲೆಕ್ಕ ಅದರಲ್ಲಿ ಸಿಗದೇ ಹೋಗಬಹುದು. ಒಂದೇ ಕಂಪನಿಗೆ ಒಬ್ಬರು ಒಳ್ಳೆಯ ಅಂಕ ಕೊಟ್ಟರೆ ಇನ್ನೊಬ್ಬರು ಕೆಟ್ಟದ್ದು ಕೊಡುತ್ತಾರೆ. ಇಎಸ್‌ಜಿ ವಿಷಯದಲ್ಲಿ ಹೂಡಿಕೆದಾರರನ್ನು ದಾರಿ ತಪ್ಪಿಸಿದ ಆರೋಪದ ಮೇಲೆ ಜರ್ಮನಿಯ ಡಾಯ್ಚ ಬ್ಯಾಂಕಿನ ಹೂಡಿಕೆ ಘಟಕ ಡಿಡಬ್ಲ್ಯುಎಸ್ 2023ರಲ್ಲಿ ಅಮೆರಿಕದಲ್ಲಿ 1.9 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು.

ಹಂತ 4: ನಿಯಮದಲ್ಲಿ ಅಂಕಿ ಇರಲಿ. ‘ಕಲ್ಲಿದ್ದಲು ಕಂಪನಿ’ ಎಂದರೆ ಯಾವುದು? ಆದಾಯದ ಶೇ 5ರಷ್ಟು ಅದರಿಂದ ಬಂದರೋ, ಶೇ 30ರಷ್ಟು ಬಂದರೋ? ನಾರ್ವೆಯ ಸರ್ಕಾರಿ ನಿಧಿ ಕಲ್ಲಿದ್ದಲಿಗೆ ಶೇ 30ರ ಗೆರೆ ಹಾಕಿಕೊಂಡಿದೆ. ನನಗೆ ಅದು ತೀರಾ ಸಡಿಲ, ಶೇ 5 ಸಾಕು. ಆದರೆ ಅವರು ಹೊರಗಿಟ್ಟ ಕಂಪನಿಗಳ ಪಟ್ಟಿ ಎಲ್ಲರಿಗೂ ಸಿಗುತ್ತದೆ, ಅಲ್ಲಿಂದ ಶುರು ಮಾಡಿ.

ಹಂತ 5: ಮಾರಬೇಕೋ, ಇಟ್ಟುಕೊಂಡು ಮತ ಹಾಕಬೇಕೋ ತೀರ್ಮಾನಿಸಿ. ತಂಬಾಕು ಕಂಪನಿಯನ್ನು ಒಳಗಿದ್ದು ತಿದ್ದಲು ಆಗದು, ಮಾರಿಬಿಡಿ. ಸಿಮೆಂಟ್, ಉಕ್ಕಿನ ಕಂಪನಿಗಳಲ್ಲಿ ಷೇರುದಾರರಾಗಿ ಒತ್ತಡ ಹಾಕಬಹುದು, ಆದರೆ ಗಡುವು ಇರಲಿ. ಫಂಡ್ ಮೂಲಕ ಹೂಡಿದ್ದರೆ ಮತ ಹಾಕುವವರು ಮ್ಯಾನೇಜರ್. ಯಾವುದಕ್ಕೆ ಹೇಗೆ ಮತ ಹಾಕಬೇಕು ಎಂದು ಕರಾರಿನಲ್ಲೇ ಬರೆಸಿ.

ಹಂತ 6: ವರ್ಷಕ್ಕೊಮ್ಮೆ ಪೂರ್ತಿ ಪಟ್ಟಿ, ಹಾಕಿದ ಮತಗಳು, ಇನ್ನೂ ಮಾರಲಾಗದ ಹೂಡಿಕೆಗಳು, ಅವು ಮುಗಿಯುವ ವರ್ಷ ಎಲ್ಲವನ್ನೂ ಪ್ರಕಟಿಸಿ. ವಿಶ್ವಸಂಸ್ಥೆ ಬೆಂಬಲದ, 2006ರ ಆರು ಹೂಡಿಕೆ ತತ್ವಗಳಿಗೆ ಸಹಿ ಹಾಕುವುದಾದರೆ ಈ ಪಟ್ಟಿ ಹೊರಬಂದ ಮೇಲೆ ಹಾಕಿ.