ಯುಕೆಯಲ್ಲಿ ಓದುವವರಿಗೆ ಹಳೇ ಕಾರು: ಮೊದಲು ದಾಖಲೆ, ಆಮೇಲೆ ಕಾರು

ಯುಕೆಗೆ ಓದಲು ಬಂದ ನಮ್ಮ ಹುಡುಗ ಹುಡುಗಿಯರು ಹಳೇ ಕಾರು ಕೊಳ್ಳುವಾಗ ಸಾಮಾನ್ಯವಾಗಿ ಒಂದು ಕ್ರಮ ಹಿಡಿಯುತ್ತಾರೆ. ಮೊದಲು ಕಾರು ನೋಡುವುದು, ಚೌಕಾಸಿ ಮಾಡುವುದು, ದುಡ್ಡು ಕೊಡುವುದು. ಇನ್ಶೂರೆನ್ಸ್ ಹುಡುಕುವುದು ಕೊನೆಗೆ. ಇಲ್ಲಿ ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಮೊದಲು ಇನ್ಶೂರೆನ್ಸ್ ರೇಟು, ಆಮೇಲೆ ಕಾರಿನ ದಾಖಲೆ, ಅವೆರಡೂ ಸರಿ ಕಂಡರೆ ಮಾತ್ರ ಕಾರು.

ಅದಕ್ಕೂ ಮುಂಚೆ ಒಂದು ಪ್ರಶ್ನೆ: ನಿಮಗೆ ಕಾರು ನಿಜವಾಗ್ಲೂ ಬೇಕಾ? ಲಂಡನ್, ಮ್ಯಾಂಚೆಸ್ಟರ್ ಥರದ ಊರಲ್ಲಿ ಓದುತ್ತಿದ್ದರೆ ಬೇಡ ಅಂತಲೇ ನನ್ನ ಅಭಿಪ್ರಾಯ. ಬಸ್ಸು, ಟ್ರೈನು ಸಾಕು. ರೈಲ್‌ಕಾರ್ಡ್ ಮಾಡಿಸಿದರೆ ಹೆಚ್ಚಿನ ಟ್ರೈನ್ ಟಿಕೆಟ್‌ಗಳಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಕ್ರ್ಯಾನ್‌ಫೀಲ್ಡ್ ಥರ ಊರಾಚೆಯ ಕ್ಯಾಂಪಸ್ ಆದರೆ ಮಾತು ಬೇರೆ. ಪ್ಲೇಸ್‌ಮೆಂಟ್‌ಗಾಗಿ ಬಸ್ಸಿಲ್ಲದ ಹೊತ್ತಲ್ಲಿ ಆಸ್ಪತ್ರೆಗೋ ಫ್ಯಾಕ್ಟರಿಗೋ ಹೋಗಬೇಕಾದವರಿಗೂ ಕಾರು ಬೇಕಾಗುತ್ತದೆ. ಹಾಸ್ಟೆಲಲ್ಲಿ ಪಾರ್ಕಿಂಗ್ ಇದೆಯಾ ಅಂತ ಮೊದಲೇ ಕೇಳಿ. ಎಷ್ಟೋ ಕಡೆ ಇರುವುದಿಲ್ಲ. ಬೀದಿಯಲ್ಲಿ ನಿಲ್ಲಿಸಲು ಹಲವು ಕಡೆ ಕೌನ್ಸಿಲ್ ಪರ್ಮಿಟ್ ಬೇಕು.

ಲೈಸೆನ್ಸ್ ವಿಷಯ ಚುಟುಕಾಗಿ ಹೇಳುತ್ತೇನೆ. ಭಾರತದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಕಾರು ಓಡಿಸಬಹುದು. ಆಮೇಲೆ ಆಗಲ್ಲ. ಅದನ್ನು ಇಲ್ಲಿನ ಲೈಸೆನ್ಸ್‌ಗೆ ನೇರವಾಗಿ ಬದಲಾಯಿಸಿಕೊಳ್ಳಲೂ ಆಗಲ್ಲ. ಪ್ರೊವಿಷನಲ್, ಅಂದರೆ ಕಲಿಯುವವರ ಲೈಸೆನ್ಸ್ ತೆಗೆದುಕೊಂಡು ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಬೇಕು. ಪ್ರಾಕ್ಟಿಕಲ್ ಟೆಸ್ಟ್‌ಗೆ ಎಷ್ಟೋ ಕಡೆ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಬಂದ ಕೆಲವೇ ವಾರಗಳಲ್ಲಿ ಆ ಕೆಲಸ ಶುರು ಮಾಡಿ. ಆಟೋಮ್ಯಾಟಿಕ್ ಕಾರಲ್ಲಿ ಟೆಸ್ಟ್ ಪಾಸಾದರೆ ಆಟೋಮ್ಯಾಟಿಕ್ ಮಾತ್ರ ಓಡಿಸಬಹುದು, ಇದೂ ನೆನಪಿರಲಿ.

ಈಗ ಇನ್ಶೂರೆನ್ಸ್. ನಮ್ಮವರು ಜಾಸ್ತಿ ಎಡವುವುದು ಇಲ್ಲೇ. ನಮ್ಮಲ್ಲಿ ಗಾಡಿಗೆ ಇನ್ಶೂರೆನ್ಸ್ ಇದ್ದರೆ ಲೈಸೆನ್ಸ್ ಇರುವ ಯಾರು ಬೇಕಾದರೂ ಓಡಿಸಬಹುದು, ಅಲ್ವಾ? ಇಲ್ಲಿ ಹಾಗಲ್ಲ. ಪಾಲಿಸಿಯಲ್ಲಿ ಹೆಸರಿರುವವರು ಮಾತ್ರ ಓಡಿಸಬೇಕು. ರೂಮ್‌ಮೇಟ್ ಅರ್ಧ ಗಂಟೆ ತೊಗೊಂಡು ಹೋದರೂ, ಅವನ ಹೆಸರು ಅಲ್ಲಿಲ್ಲದಿದ್ದರೆ ಅದು ಇನ್ಶೂರೆನ್ಸ್ ಇಲ್ಲದೆ ಓಡಿಸಿದ ಹಾಗೆ. ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ಪೆನಾಲ್ಟಿ ಪಾಯಿಂಟ್. ಪೊಲೀಸರು ಕಾರನ್ನೂ ಎಳೆದುಕೊಂಡು ಹೋಗಬಹುದು. ಇಲ್ಲಿ ಟೆಸ್ಟ್ ಪಾಸಾಗಿ ಎರಡು ವರ್ಷದೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು.

ವಯಸ್ಸು ಕಡಿಮೆ, ಇಲ್ಲಿ ಓಡಿಸಿದ ಅನುಭವ ಇಲ್ಲ, ಲೈಸೆನ್ಸ್ ಹೊರದೇಶದ್ದು. ಈ ಮೂರೂ ಸೇರಿದರೆ ಒಂದು ವರ್ಷದ ಪ್ರೀಮಿಯಂ ಹಳೇ ಕಾರಿನ ಬೆಲೆಯ ಹತ್ತಿರಕ್ಕೇ ಹೋಗಬಹುದು. ಆದ್ದರಿಂದ ಕಾರು ಮಾರಾಟದ ತಾಣ ಆಟೋ ಟ್ರೇಡರ್‌ನಲ್ಲಿ ಯಾವುದಾದರೂ ಕಾರು ಇಷ್ಟವಾದರೆ ಅದರ ನಂಬರ್ ಪ್ಲೇಟ್ ತೊಗೊಂಡು ಹೋಗಿ ಮನಿಸೂಪರ್‌ಮಾರ್ಕೆಟ್, ಗೋಕಂಪೇರ್ ಥರದ ರೇಟು ಹೋಲಿಸುವ ತಾಣದಲ್ಲಿ ಹಾಕಿ ನೋಡಿ. ಇಲ್ಲಿ ಕಾರುಗಳನ್ನು 1ರಿಂದ 50ರವರೆಗೆ ಇನ್ಶೂರೆನ್ಸ್ ಗುಂಪುಗಳಾಗಿ ವಿಂಗಡಿಸಿದ್ದಾರೆ. ನಂಬರ್ ಚಿಕ್ಕದಿದ್ದಷ್ಟೂ ಒಳ್ಳೇದು. ಓಡಿಸುವ ರೀತಿಯನ್ನು ಗಮನಿಸುವ ಬ್ಲ್ಯಾಕ್ ಬಾಕ್ಸ್ ಪಾಲಿಸಿಯ ರೇಟನ್ನೂ ಕೇಳಿ ನೋಡಿ. ಎಷ್ಟೋ ಸಲ ಅದೇ ಅಗ್ಗವಾಗುತ್ತದೆ.

ಒಂದು ಕೆಲಸ ಮಾತ್ರ ಮಾಡಬೇಡಿ. ಇಲ್ಲಿರುವ ಅಣ್ಣನನ್ನೋ ಚಿಕ್ಕಪ್ಪನನ್ನೋ ಮುಖ್ಯ ಡ್ರೈವರ್ ಅಂತ ತೋರಿಸಿ, ನೀವು ಸುಮ್ನೆ ಎರಡನೇ ಹೆಸರಾಗಿ ಸೇರಿಕೊಂಡು, ಕಾರನ್ನು ನೀವೇ ಓಡಿಸುವುದು. ಇದಕ್ಕೆ ಫ್ರಂಟಿಂಗ್ ಅಂತಾರೆ. ಇದು ವಂಚನೆ. ಅಪಘಾತವಾದಾಗ ಕಂಪನಿ ಕೈ ಎತ್ತಿಬಿಡಬಹುದು. ಹಾಗೇ ಮಾಮೂಲಿ ಪಾಲಿಸಿಯಲ್ಲಿ ಫುಡ್ ಡೆಲಿವರಿ ಮಾಡಿದರೆ ಕವರ್ ಇರುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ಏನೆಂದರೆ ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ, ಡೆಲಿವರಿ ಆ್ಯಪ್‌ಗಳ ಕೆಲಸ ಆ ಲೆಕ್ಕಕ್ಕೇ ಬರುತ್ತದೆ. ವೀಸಾ ಕೈತಪ್ಪಿದರೆ ಓದೂ ಹೋಯಿತು.

ಇನ್ನು ದಾಖಲೆ. ಈ ದೇಶದಲ್ಲಿ ಹಳೇ ಕಾರು ಕೊಳ್ಳುವವರಿಗೆ ಸರ್ಕಾರ ಕೊಟ್ಟಿರುವ ದೊಡ್ಡ ಉಪಕಾರ ಎಂಒಟಿ, ಅಂದರೆ ಕಾರಿನ ಕಡ್ಡಾಯ ಸುರಕ್ಷತಾ ತಪಾಸಣೆಯ ಇತಿಹಾಸ. ಮೂರು ವರ್ಷ ದಾಟಿದ ಪ್ರತಿ ಕಾರೂ ವರ್ಷಕ್ಕೊಮ್ಮೆ ಎಂಒಟಿ ಪರೀಕ್ಷೆ ಪಾಸಾಗಬೇಕು. 2005ರಿಂದ ಈಚೆಗಿನ ಫಲಿತಾಂಶ ಸರ್ಕಾರದ ತಾಣದಲ್ಲಿದೆ. ನಂಬರ್ ಪ್ಲೇಟ್ ಹಾಕಿದರೆ ಸಾಕು, ಪುಕ್ಕಟೆಯಾಗಿ ನೋಡಬಹುದು. ಪಾಸೋ ಫೇಲೋ, ಆವತ್ತು ಎಷ್ಟು ಮೈಲಿ ಓಡಿತ್ತು, ಏನೇನು ದೋಷ ಇತ್ತು, ಎಲ್ಲ ಸಿಗುತ್ತದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಓದುವ ಹಾಗೆ ಓದಿ. ಪಾಸ್ ಅಂತ ಇದೆಯಲ್ಲಾ ಅಂತ ಸುಮ್ಮನಾಗಬೇಡಿ, ಯಾವ ವಿಷಯದಲ್ಲಿ ಎಷ್ಟು ಅಂತ ನೋಡಿ.

2013ರ ಒಂದು ಚಿಕ್ಕ ಕಾರು ಅಂದುಕೊಳ್ಳಿ. 2022ರ ಟೆಸ್ಟ್‌ನಲ್ಲಿ ಪಾಸು, ಆದರೆ ಕೆಳಗೆ ಅಡ್ವೈಸರಿ, ಅಂದರೆ ಮುಂದೆ ತೊಂದರೆ ಆಗಬಹುದು ಅನ್ನುವ ಎಚ್ಚರಿಕೆ: ಹಿಂದಿನ ಬ್ರೇಕ್ ಪೈಪ್‌ಗೆ ತುಕ್ಕು. 2023ರಲ್ಲೂ ಅದೇ ಸಾಲು, ಜೊತೆಗೆ ನಿಯರ್‌ಸೈಡ್ ಟೈರ್ ಸವೆದಿದೆ ಅಂತ. ನಿಯರ್‌ಸೈಡ್ ಅಂದರೆ ಫುಟ್‌ಪಾತ್ ಕಡೆ, ಆಫ್‌ಸೈಡ್ ಅಂದರೆ ಡ್ರೈವರ್ ಕಡೆ. 2024ರಲ್ಲಿ ಅದೇ ಬ್ರೇಕ್ ಪೈಪ್‌ಗೆ ಫೇಲು, ಎರಡು ದಿನ ಬಿಟ್ಟು ಪಾಸು. ಇದರಿಂದ ಏನು ತಿಳಿಯಿತು? ಮಾಲೀಕ ಎರಡು ವರ್ಷ ಎಚ್ಚರಿಕೆ ಓದಿಯೂ ಕೈ ಹಾಕಿಲ್ಲ. ಬ್ರೇಕನ್ನೇ ಹೀಗೆ ಬಿಟ್ಟವರು ಎಂಜಿನ್ ಆಯಿಲ್ ಕಾಲಕ್ಕೆ ಸರಿಯಾಗಿ ಬದಲಾಯಿಸಿರುತ್ತಾರಾ? ನನಗಂತೂ ನಂಬಿಕೆ ಬರಲ್ಲ. ಇನ್ನೊಂದು ಕಾರಲ್ಲಿ ಒಂದು ವರ್ಷದ ಅಡ್ವೈಸರಿ ಮುಂದಿನ ವರ್ಷ ಮಾಯವಾಗಿರುತ್ತದೆ. ಅಂದರೆ ರಿಪೇರಿ ಆಗಿದೆ. ಮೈಲಿ ಸ್ವಲ್ಪ ಜಾಸ್ತಿಯಿದ್ದರೂ ಅದನ್ನೇ ತೊಗೊಳ್ಳಿ.

ತುಕ್ಕಿನ ಬಗ್ಗೆ ವಿಶೇಷ ಗಮನ ಇರಲಿ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಮೇಲೆ ಬಣ್ಣ ಫಳಫಳ ಅಂದರೂ ಅಡಿಭಾಗ ತಿಂದುಹೋಗಿರಬಹುದು. ದಾಖಲೆಯಲ್ಲಿ ಕರೋಷನ್ ಅನ್ನುವ ಪದ ಪದೇ ಪದೇ ಕಂಡರೆ ಆ ಕಾರು ಬಿಡಿ. ಮೈಲಿಯ ಅಂಕಿ ಹಿಂದಿನ ವರ್ಷಕ್ಕಿಂತ ಕಡಿಮೆ ಕಂಡರೂ ಬಿಡಿ. ಹಾಗಂತ ಎಂಒಟಿ ಗ್ಯಾರಂಟಿ ಅಲ್ಲ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಹೇಗಿವೆ ಅಂತ ಆ ಪರೀಕ್ಷೆ ನೋಡುವುದೇ ಇಲ್ಲ.

ಕೆಲವು ಪೌಂಡ್ ಕೊಟ್ಟು ಎಚ್‌ಪಿಐ ಥರದ ಒಂದು ಚೆಕ್ ಕೂಡ ಮಾಡಿಸಿ. ಕಾರಿನ ಮೇಲೆ ಸಾಲ ಬಾಕಿ ಇದೆಯಾ, ಕದ್ದದ್ದಾ, ಅಪಘಾತದಲ್ಲಿ ಇನ್ಶೂರೆನ್ಸ್ ಕಂಪನಿ ಕೈಬಿಟ್ಟ ಕ್ಯಾಟ್ ಎಸ್ ಅಥವಾ ಕ್ಯಾಟ್ ಎನ್ ಕಾರಾ ಅಂತ ತಿಳಿಯುತ್ತದೆ. ಕ್ಯಾಟ್ ಎನ್ ಅಂದರೆ ಚೌಕಟ್ಟು ಬಿಟ್ಟು ಬೇರೆಡೆ ಪೆಟ್ಟು, ಕ್ಯಾಟ್ ಎಸ್ ಅಂದರೆ ಕಾರಿನ ಚೌಕಟ್ಟಿಗೇ ಪೆಟ್ಟು ಬಿದ್ದಿತ್ತು ಅಂತ. ಬೆಲೆ ಕಡಿಮೆ ಅಂತ ಅದಕ್ಕೆ ಆಸೆಪಡಬೇಡಿ.

ಯಾವ ಕಾರು? ನನ್ನ ಆಯ್ಕೆ ಟೊಯೋಟಾ ಯಾರಿಸ್ ಅಥವಾ ಹೋಂಡಾ ಜಾಝ್, ಪೆಟ್ರೋಲ್, ಮ್ಯಾನುಯಲ್. ಬಜೆಟ್ ಇನ್ನೂ ಕಡಿಮೆ ಇದ್ದರೆ ಟೊಯೋಟಾ ಐಗೋ. ಸಿಟ್ರೊಯೆನ್ ಸಿ1, ಪೂಜೋ 107 ಕೂಡ ಐಗೋ ಜೊತೆ ಒಂದೇ ಫ್ಯಾಕ್ಟರಿಯಿಂದ ಬಂದ ಕಾರುಗಳು, 1.0 ಪೆಟ್ರೋಲ್ ಎಂಜಿನ್ನೂ ಅದೇ. ಬ್ಯಾಡ್ಜ್ ಬೇರೆಯಾದ್ದರಿಂದ ಕೆಲವೊಮ್ಮೆ ಕಡಿಮೆ ಬೆಲೆಗೆ ಸಿಗುತ್ತವೆ. ಹ್ಯುಂಡೈ ಐ10 ನಮಗೆ ಗೊತ್ತಿರುವ ಕಾರೇ. ಇಲ್ಲಿ ಮಾರಿದ ಮೊದಲ ತಲೆಮಾರಿನ ಐ10 ಚೆನ್ನೈಯಲ್ಲೇ ತಯಾರಾಗಿದ್ದು.

ಡೀಸೆಲ್ ಬೇಡ. ಕ್ಯಾಂಪಸ್ಸಿಗೂ ಟೆಸ್ಕೋ ಅಂಗಡಿಗೂ ಮಾತ್ರ ಓಡಿಸಿದರೆ ಅದರ ಹೊಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ರಿಪೇರಿ ದುಬಾರಿ. ಫೋರ್ಡ್‌ನ 1.0 ಇಕೋಬೂಸ್ಟ್, ಪೂಜೋ ಸಿಟ್ರೊಯೆನ್‌ಗಳ 1.2 ಪ್ಯೂರ್‌ಟೆಕ್ ಎಂಜಿನ್‌ಗಳಲ್ಲಿ ಎಷ್ಟೋ ಕಾರುಗಳ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಮುಳುಗಿ ಓಡುತ್ತದೆ. ಬೆಲ್ಟ್ ಪುಡಿಯಾಗಿ ಆಯಿಲ್ ದಾರಿ ಕಟ್ಟಿಕೊಂಡರೆ ಎಂಜಿನ್ನೇ ಹೋಗುತ್ತದೆ. ಬೆಲ್ಟ್ ಬದಲಾಯಿಸಿದ ರಸೀದಿ ಇಲ್ಲದಿದ್ದರೆ ವಿದ್ಯಾರ್ಥಿಗಳು ಅದರ ತಂಟೆಗೆ ಹೋಗದಿರುವುದೇ ವಾಸಿ. ಟೊಯೋಟಾದ ಹೈಬ್ರಿಡ್ ಕಾರಾದ ಹಳೇ ಪ್ರಿಯಸ್ ಗಟ್ಟಿ ಕಾರು, ನಿಜ. ಆದರೆ ಅದರ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಕಳ್ಳರಿಗೆ ಕಣ್ಣು. ಬೀದಿಯಲ್ಲಿ ನಿಲ್ಲಿಸುವವರಿಗೆ ಅದು ಬೇಡ.

ರೋಡ್ ಟ್ಯಾಕ್ಸ್‌ನಲ್ಲೂ ಒಂದು ಉಳಿತಾಯ ಇದೆ. 2001ರ ಮಾರ್ಚ್ 1ರಿಂದ 2017ರ ಮಾರ್ಚ್ 31ರವರೆಗೆ ರಿಜಿಸ್ಟರ್ ಆದ ಕಾರಿಗೆ ಹೊಗೆಯ ಲೆಕ್ಕದಲ್ಲಿ ಟ್ಯಾಕ್ಸ್. ಕಡಿಮೆ ಹೊಗೆಯ ಚಿಕ್ಕ ಕಾರುಗಳಿಗೆ 2025-26ರ ದರ ವರ್ಷಕ್ಕೆ 20 ಪೌಂಡ್ ಇತ್ತು. ಆ ತಾರೀಕಿನ ನಂತರದ ಅದೇ ಮಾದರಿಯ ಪೆಟ್ರೋಲ್ ಕಾರಿಗೆ ಅದೇ ವರ್ಷ 195 ಪೌಂಡ್ ಇತ್ತು. ಇನ್ನು ಹೆಚ್ಚು ಹೊಗೆಯ ಗಾಡಿಗಳಿಗೆ ಶುಲ್ಕ ಹಾಕುವ ಲಂಡನ್ನಿನ ಯೂಲೆಝ್ ವಲಯ 2023ರ ಆಗಸ್ಟ್ 29ರಿಂದ ಇಡೀ ನಗರಕ್ಕೆ ಹಬ್ಬಿದೆ. ನಿಯಮಕ್ಕೆ ಹೊಂದದ ಕಾರಿಗೆ ದಿನಕ್ಕೆ 12.50 ಪೌಂಡ್. ಬರ್ಮಿಂಗ್‌ಹ್ಯಾಮ್, ಬ್ರಿಸ್ಟಲ್‌ನಲ್ಲೂ ಇಂಥ ವಲಯ ಇವೆ. 2006ರ ನಂತರದ ಪೆಟ್ರೋಲ್ ಕಾರು ಸಾಮಾನ್ಯವಾಗಿ ಪಾರಾಗುತ್ತದೆ, ಆದರೂ ನಂಬರ್ ಹಾಕಿ ಖಚಿತಪಡಿಸಿಕೊಳ್ಳಿ.

ಕಾರು ನೋಡಲು ಹಗಲಲ್ಲಿ ಹೋಗಿ, ಮಾರುವವರ ಮನೆಗೇ ಹೋಗಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಬೆಚ್ಚಗಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡಲು ಮೊದಲೇ ಓಡಿಸಿಟ್ಟಿರಬಹುದು. 20 ಪೆನ್ಸ್ ನಾಣ್ಯವನ್ನು ಟೈರಿನ ಗೀರಿನೊಳಗೆ ತೂರಿಸಿ. ನಾಣ್ಯದ ಅಂಚಿನ ಪಟ್ಟಿ ಹೊರಗೆ ಕಂಡರೆ ಟೈರ್ ಕಾನೂನಿನ 1.6 ಮಿಲಿಮೀಟರ್ ಮಿತಿಯ ಹತ್ತಿರ ಬಂದಿದೆ ಅಂತ ಅರ್ಥ. ನಾಲ್ಕು ಟೈರ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ವಿ5ಸಿ ಲಾಗ್‌ಬುಕ್‌ನಲ್ಲಿ, ಅಂದರೆ ಕಾರಿನ ನೋಂದಣಿ ಪತ್ರದಲ್ಲಿ ಇರುವ ವಿಳಾಸ ನೀವು ನಿಂತಿರುವ ಮನೆಯದ್ದೇನಾ? ಅದರ ವಿಐಎನ್, ಅಂದರೆ ಚಾಸಿ ನಂಬರ್ ಕಾರಿನ ಮೇಲಿರುವುದಕ್ಕೆ ತಾಳೆಯಾಗುತ್ತಾ? ವಿ5ಸಿ ಮಾಲೀಕತ್ವಕ್ಕೆ ಪುರಾವೆ ಅಲ್ಲ. ಆದ್ದರಿಂದ ಸಹಿ ಇರುವ ರಸೀದಿ ಬೇರೆ ಬರೆಸಿಕೊಳ್ಳಿ. ಕಾರು ಕಣ್ಣಾರೆ ನೋಡದೆ ಅಡ್ವಾನ್ಸ್ ಕಳಿಸಬೇಡಿ.

ಡೀಲರ್ ಹತ್ತಿರ ಬೆಲೆ ಜಾಸ್ತಿ, ಆದರೆ 2015ರ ಗ್ರಾಹಕ ಹಕ್ಕು ಕಾಯ್ದೆಯ ರಕ್ಷಣೆ ಇದೆ. ಮಾರುವಾಗಲೇ ಇದ್ದ ದೋಷ ಕಂಡುಬಂದರೆ 30 ದಿನದೊಳಗೆ ಕಾರು ವಾಪಸ್ ಕೊಟ್ಟು ದುಡ್ಡು ಕೇಳಬಹುದು. ಖಾಸಗಿಯಾಗಿ ಕೊಂಡರೆ ಈ ಹಕ್ಕಿಲ್ಲ. ನಮ್ಮವರ ವಾಟ್ಸಾಪ್ ಗುಂಪಲ್ಲಿ ಊರಿಗೆ ವಾಪಸ್ ಹೊರಟವರು ಮಾರುವ ಕಾರಿಗೂ ಅಷ್ಟೇ. ಕನ್ನಡದವರು ಅನ್ನುವ ವಿಶ್ವಾಸ ಇರಲಿ, ಎಂಒಟಿ ಇತಿಹಾಸವನ್ನೂ ಓದಿ.

ದುಡ್ಡು ಕೊಟ್ಟ ಕೂಡಲೇ ಕಾರು ಹತ್ತಿ ಹೊರಡುವ ಹಾಗಿಲ್ಲ. ಹಳೇ ಮಾಲೀಕರ ರೋಡ್ ಟ್ಯಾಕ್ಸ್ ನಿಮಗೆ ಬರುವುದಿಲ್ಲ. ಲಾಗ್‌ಬುಕ್‌ನ ಹಸಿರು ಚೀಟಿಯಲ್ಲಿರುವ 12 ಅಂಕಿಯ ನಂಬರ್ ಹಾಕಿ ಫೋನಲ್ಲೇ ಟ್ಯಾಕ್ಸ್ ಕಟ್ಟಿ, ಇನ್ಶೂರೆನ್ಸ್ ಶುರುವಾಗಿದೆಯಾ ನೋಡಿಕೊಂಡು ಹೊರಡಿ. ಮಾರಿದವರು ವಾಹನ ನೋಂದಣಿಯ ಸರ್ಕಾರಿ ಸಂಸ್ಥೆಯಾದ ಡಿವಿಎಲ್‌ಎಗೆ ಆನ್‌ಲೈನ್‌ನಲ್ಲಿ ತಿಳಿಸುವುದನ್ನು ಎದುರಿಗೇ ಮಾಡಿಸಿ. ನಿಮ್ಮ ಹೆಸರಿನ ಲಾಗ್‌ಬುಕ್ ಅಂಚೆಯಲ್ಲಿ ಬರುತ್ತದೆ. ಕೋರ್ಸ್ ಮುಗಿದು ನೀವು ಕಾರು ಮಾರುವಾಗಲೂ ಅವತ್ತೇ ಡಿವಿಎಲ್‌ಎಗೆ ತಿಳಿಸಿ. ಉಳಿದ ಪೂರ್ತಿ ತಿಂಗಳುಗಳ ಟ್ಯಾಕ್ಸ್ ವಾಪಸ್ ಬರುತ್ತದೆ. ತಿಳಿಸದಿದ್ದರೆ ಹೊಸಬರು ಕ್ಯಾಮೆರಾಗೆ ಸಿಕ್ಕಿಬಿದ್ದಾಗ ನೋಟಿಸ್ ಬರುವುದು ನಿಮ್ಮ ಹೆಸರಿಗೆ.