ಕೆರಿಬಿಯನ್‌ನಲ್ಲಿ ಹ್ಯಾಲೋವೀನ್ ಕ್ರೂಸ್: ಮಕ್ಕಳನ್ನು ಕಟ್ಟಿಕೊಂಡು ಹೊರಡುವವರಿಗೆ

ಹ್ಯಾಲೋವೀನ್ ಕ್ರೂಸ್, ಅಂದರೆ ಅಕ್ಟೋಬರ್ 31ರ ವೇಷದ ಹಬ್ಬವನ್ನು ಆಚರಿಸುವ ಹಡಗು ಪ್ರಯಾಣ, ಅಂದ ಕೂಡಲೇ ಎಲ್ಲರೂ ಕೇಳುವುದು ಯಾವ ವೇಷ ಅಂತ. ನಮ್ಮಲ್ಲಿ ವೇಷದ ಮಾತು ಕೊನೆಗೆ ಬರುತ್ತದೆ. ಮೊದಲು ತೆಗೆಯುವುದು ಪಾಸ್‌ಪೋರ್ಟ್‌ಗಳ ಕಟ್ಟು, ಆಮೇಲೆ ಕ್ಯಾಲೆಂಡರು. ಹಡಗಿನ ಮೇಲೆ ಹಬ್ಬ ಮಾಡಿಸುವುದು ಕ್ರೂಸ್‌ನವರ ಕೆಲಸ, ಅದನ್ನು ಅವರು ಚೆನ್ನಾಗಿಯೇ ಮಾಡುತ್ತಾರೆ. ನಮ್ಮ ಪಾಲಿನ ಕೆಲಸ ಅಕ್ಟೋಬರ್ ತಿಂಗಳನ್ನು ಸಂಭಾಳಿಸುವುದು. ಆ ತಿಂಗಳ ಗಾಳಿ, ಸೆಕೆ, ಗಡಿಯಾರ ಮೂರಕ್ಕೂ ಸಿದ್ಧವಾಗಿದ್ದರೆ ಉಳಿದದ್ದು ಸಲೀಸು.

ಅಮೆರಿಕದಲ್ಲಿ ಕೆಲಸದ ವೀಸಾದಲ್ಲಿರುವ ಕನ್ನಡಿಗರು ಈ ಒಂದು ಪ್ಯಾರಾವನ್ನಾದರೂ ಗಮನವಿಟ್ಟು ಓದಬೇಕು. ಫ್ಲಾರಿಡಾದಿಂದ ಹೊರಟು ಫ್ಲಾರಿಡಾಕ್ಕೇ ಮರಳುವ ಹಡಗಾದರೂ ನೀವು ಅಮೆರಿಕ ಬಿಟ್ಟು ಹೋಗಿ ಮತ್ತೆ ಒಳಗೆ ಬಂದಂತೆಯೇ ಲೆಕ್ಕ. ವಿದೇಶಿ ಧ್ವಜದ ಹಡಗು ಹೀಗೆ ಸುತ್ತಿ ಬರುವಾಗ ನಡುವೆ ಒಂದಾದರೂ ವಿದೇಶಿ ಬಂದರು ಮುಟ್ಟಲೇಬೇಕು ಎಂಬ ಕಾನೂನು 1886ರಿಂದಲೂ ಇದೆ. ಡಿಸ್ನಿಯವರ ಖಾಸಗಿ ದ್ವೀಪ ಕಾಸ್ಟವೇ ಕೇ ಕೂಡ ಬಹಾಮಾಸ್ ದೇಶದ ನೆಲ. ಪಾಸ್‌ಪೋರ್ಟ್‌ನಲ್ಲಿರುವ ಎಚ್-1ಬಿ ಸ್ಟಾಂಪಿನ ಅವಧಿ ಮುಗಿದಿದ್ದು, ಕೈಯಲ್ಲಿ ಐ-797 (ವೀಸಾ ಸ್ಥಿತಿಯ ಅನುಮೋದನೆ ಪತ್ರ) ಮಾತ್ರ ಇದ್ದರೆ ಕೆರಿಬಿಯನ್ ಕ್ರೂಸ್ ಬೇಡ. ಕೆನಡಾ ಮತ್ತು ಮೆಕ್ಸಿಕೋಗೆ 30 ದಿನದೊಳಗೆ ಹೋಗಿಬರುವವರಿಗೆ ಇರುವ ಆಟೋಮ್ಯಾಟಿಕ್ ವೀಸಾ ರೀವ್ಯಾಲಿಡೇಶನ್ ಸೌಲಭ್ಯ (ಅವಧಿ ಮುಗಿದ ಸ್ಟಾಂಪಿನಲ್ಲೇ ಮರಳಿ ಒಳಗೆ ಬಿಡುವುದು) ಎಚ್-1ಬಿ, ಅವರ ಕುಟುಂಬದ ಎಚ್-4ನವರಿಗೆ ದ್ವೀಪಗಳಿಗೆ ಅನ್ವಯಿಸುವುದಿಲ್ಲ. ಕ್ಯೂಬಾ ಬಿಟ್ಟು ಸುತ್ತಲಿನ ದ್ವೀಪಗಳಿಗೆ ಅದು ಸಿಗುವುದು ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ ಮಾತ್ರ. ಮೆಕ್ಸಿಕೋ ನಿಯಮವನ್ನೇ ನೆನಪಿಟ್ಟುಕೊಂಡು ಬಹಾಮಾಸ್ ಟಿಕೆಟ್ ತೆಗೆಯುವವರೇ ಹೆಚ್ಚು, ಎಡವುವುದೂ ಅಲ್ಲೇ. ಗ್ರೀನ್ ಕಾರ್ಡ್ ಅರ್ಜಿ ಬಾಕಿಯಿದ್ದು ಇಎಡಿ (ಕೆಲಸದ ಪರವಾನಗಿ) ಮೇಲೆ ಕೆಲಸ ಮಾಡುತ್ತಿರುವವರಿಗೆ ಅಡ್ವಾನ್ಸ್ ಪರೋಲ್ (ಹೊರಹೋಗಿ ಮರಳಲು ಮುಂಗಡ ಅನುಮತಿ) ಕೈಗೆ ಬಂದಿರಬೇಕು. ಬೆಂಗಳೂರಿನಿಂದ ಬರುವ ಅಪ್ಪ ಅಮ್ಮನನ್ನು ಕರೆದೊಯ್ಯುವುದಾದರೆ ಅವರ ಬಿ-1/ಬಿ-2 ಸಂದರ್ಶಕ ವೀಸಾ ಮಲ್ಟಿಪಲ್ ಎಂಟ್ರಿ ಇದೆಯೇ ನೋಡಿ. ದಾರಿಯ ಪ್ರತಿಯೊಂದು ದೇಶಕ್ಕೂ ಭಾರತೀಯ ಪಾಸ್‌ಪೋರ್ಟ್‌ಗೆ ಏನು ಬೇಕೆಂದು ಕ್ರೂಸ್ ಕಂಪನಿಗೆ ಇಮೇಲ್ ಬರೆದು, ಉತ್ತರವನ್ನು ಪ್ರಿಂಟ್ ಮಾಡಿ ಇಟ್ಟುಕೊಳ್ಳುವುದು ನಮ್ಮ ಪದ್ಧತಿ. ಅಮೆರಿಕದಲ್ಲೇ ಹುಟ್ಟಿದ ಮಗುವಿಗೆ ಇಂಥ ಕ್ರೂಸ್‌ನಲ್ಲಿ ಜನನ ಪ್ರಮಾಣಪತ್ರ ಸಾಕು. ಆದರೂ ಪಾಸ್‌ಪೋರ್ಟ್ ಮಾಡಿಸಿ. ನಡುದಾರಿಯಲ್ಲಿ ಜ್ವರವೋ ಗಾಯವೋ ಆಗಿ ಮೆಕ್ಸಿಕೋದ ಕೊಝುಮೆಲ್‌ನಲ್ಲಿ ಇಳಿಯಬೇಕಾಗಿ ಬಂದರೆ, ಪಾಸ್‌ಪೋರ್ಟ್ ಇಲ್ಲದೆ ವಿಮಾನ ಹತ್ತುವುದು ಕಷ್ಟ.

ಇನ್ನು ದಿನಾಂಕ. ಡಿಸ್ನಿ ಹಡಗುಗಳಲ್ಲಿ ಹ್ಯಾಲೋವೀನ್ ಸಂಭ್ರಮ ಸೆಪ್ಟೆಂಬರ್‌ನಲ್ಲೇ ಶುರುವಾಗಿ ಅಕ್ಟೋಬರ್ 31ರವರೆಗೆ ನಡೆಯುತ್ತದೆ. ಬೇರೆ ಕಂಪನಿಗಳಲ್ಲಿ ಬಹುಮಟ್ಟಿಗೆ 31ರ ಆಸುಪಾಸಿನ ಪ್ರಯಾಣಗಳಿಗೆ ಮಾತ್ರ ಆ ಅಲಂಕಾರ. ಫ್ಲಾರಿಡಾದ ಶಾಲೆಗಳು ಆಗಸ್ಟ್‌ನಲ್ಲೇ ತೆರೆಯುವುದರಿಂದ ಸೆಪ್ಟೆಂಬರ್ ಪ್ರಯಾಣಗಳು ಅಗ್ಗ. ಸರಿಯಾಗಿ 31ನೇ ತಾರೀಖೇ ಬೇಕೆಂದರೆ ದುಡ್ಡು ಹೆಚ್ಚು, ಕ್ಯಾಬಿನ್ ಕಡಿಮೆ. ಶಾಲೆಗೆ ಹೋಗದ ಪುಟ್ಟ ಮಕ್ಕಳಿದ್ದರೆ ಸೆಪ್ಟೆಂಬರೇ ಲಾಭ ಎನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಹಡಗಿನೊಳಗಿನ ಪಾರ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ನಮ್ಮ ಪಂಚಾಂಗವನ್ನೂ ಒಮ್ಮೆ ತೆರೆಯಿರಿ. 2024ರಲ್ಲಿ ನರಕ ಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ ಬಿದ್ದಿದ್ದವು. ಅಂಥ ವರ್ಷ ಹಡಗಿನಲ್ಲಿ ದೀಪ ಹಚ್ಚುವ ಆಸೆಯಿದ್ದರೆ ಬ್ಯಾಟರಿ ದೀಪವೇ ಗತಿ, ಬೆಂಕಿ ಕಡ್ಡಿಯಿಂದ ಊದುಬತ್ತಿಯವರೆಗೆ ಉರಿಯುವ ಯಾವುದನ್ನೂ ಕ್ಯಾಬಿನ್‌ನಲ್ಲಿ ಹಚ್ಚುವಂತಿಲ್ಲ.

ಅಟ್ಲಾಂಟಿಕ್ ಚಂಡಮಾರುತಗಳ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಅಂದರೆ ಹ್ಯಾಲೋವೀನ್ ಕ್ರೂಸ್ ಪೂರ್ತಿ ಅದರ ಹೊಟ್ಟೆಯೊಳಗೇ ಇದೆ. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಅಬ್ಬರ ಹೆಚ್ಚು. ಅಕ್ಟೋಬರ್‌ನಲ್ಲಿ ಪಶ್ಚಿಮ ಕೆರಿಬಿಯನ್ ನೀರು ಇನ್ನೂ ಬೆಚ್ಚಗಿರುವುದರಿಂದ ಆ ಕಡೆ ಮತ್ತೊಂದು ಸುತ್ತು ಏಳುತ್ತದೆ. 2024ರ ಅಕ್ಟೋಬರ್ 9ರಂದು ಮಿಲ್ಟನ್ ಫ್ಲಾರಿಡಾಕ್ಕೆ ಬಡಿದಾಗ ಪೋರ್ಟ್ ಕೆನಾವೆರಲ್ ಬಂದರನ್ನು ಮುಚ್ಚಬೇಕಾಯಿತು. 2025ರ ಅಕ್ಟೋಬರ್ 28ರಂದು, ಹ್ಯಾಲೋವೀನ್‌ಗೆ ಮೂರೇ ದಿನ ಮುಂಚೆ, ಮೆಲಿಸ್ಸಾ ಐದನೇ ದರ್ಜೆಯ ಬಲದಲ್ಲಿ ಜಮೈಕಾಕ್ಕೆ ಅಪ್ಪಳಿಸಿತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಹಡಗು ಚಂಡಮಾರುತದೊಳಗೆ ನುಗ್ಗುವುದಿಲ್ಲ, ಅದರಿಂದ ದೂರ ಓಡುತ್ತದೆ. ಪಶ್ಚಿಮದ ದಾರಿ ಪೂರ್ವದ ದಾರಿಯಾಗುತ್ತದೆ, ಜಮೈಕಾದ ಬದಲು ಬಹಾಮಾಸ್‌ನ ನಸ್ಸಾವು ಬರುತ್ತದೆ, ಇಲ್ಲವೇ ಮರಳುವುದು ಎರಡು ದಿನ ತಡವಾಗುತ್ತದೆ. ಟಿಕೆಟ್ಟಿನ ಕರಾರಿನಲ್ಲಿ ಇದಕ್ಕೆಲ್ಲ ಅವಕಾಶ ಇರುತ್ತದೆ. ಬಂದರು ತಪ್ಪಿದರೆ ಸಾಮಾನ್ಯವಾಗಿ ವಾಪಸು ಬರುವುದು ಆ ಬಂದರಿನ ಶುಲ್ಕ ಮತ್ತು ಹಡಗಿನವರ ಮೂಲಕವೇ ಕಾದಿರಿಸಿದ ಪ್ರವಾಸದ ಹಣ.

ಆದ್ದರಿಂದ ನಾಲ್ಕು ಕೆಲಸ ತಪ್ಪಿಸುವುದಿಲ್ಲ. ಪ್ರಯಾಣ ವಿಮೆಯನ್ನು ಬುಕಿಂಗ್ ಮಾಡಿದ ವಾರವೇ ತೆಗೆಯುತ್ತೇವೆ, ಏಕೆಂದರೆ ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಚಂಡಮಾರುತದ ನಷ್ಟವನ್ನು ತುಂಬಿಕೊಡುವುದಿಲ್ಲ. ವಿಮಾನದಲ್ಲಿ ಹಿಂದಿನ ದಿನವೇ ಫ್ಲಾರಿಡಾ ತಲುಪುತ್ತೇವೆ. ದಿನಾ ತೆಗೆದುಕೊಳ್ಳುವ ಮಾತ್ರೆ, ಮಗುವಿನ ಡೈಪರ್, ಹಾಲಿನ ಪುಡಿ ಮೂರು ದಿನಕ್ಕಾಗುವಷ್ಟು ಹೆಚ್ಚಿಗೆ ಇರುತ್ತದೆ. ಹೊರಗಿನ ಏಜೆಂಟರ ಬಳಿ ದ್ವೀಪದ ಪ್ರವಾಸ ಕಾದಿರಿಸುವುದಾದರೆ ಹಡಗು ಬರದಿದ್ದರೆ ಪೂರ್ತಿ ಹಣ ವಾಪಸು ಎಂಬ ಸಾಲು ರಸೀದಿಯಲ್ಲಿ ಇರಲೇಬೇಕು.

ಗಡಿಯಾರದ ವಿಷಯಕ್ಕೆ ಹೆಚ್ಚು ಜನ ಗಮನ ಕೊಡುವುದೇ ಇಲ್ಲ. ಅಕ್ಟೋಬರ್‌ನಲ್ಲಿ ಫ್ಲಾರಿಡಾ ಇನ್ನೂ ಬೇಸಿಗೆಯ ಸಮಯದಲ್ಲಿರುತ್ತದೆ. ಕೊಝುಮೆಲ್, ಗ್ರ್ಯಾಂಡ್ ಕೇಮನ್, ಜಮೈಕಾ ವರ್ಷವಿಡೀ ಗಡಿಯಾರ ಬದಲಿಸುವುದಿಲ್ಲ, ಹಾಗಾಗಿ ಆಗ ಅವು ಫ್ಲಾರಿಡಾಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಫ್ಲಾರಿಡಾದ ಸಮಯವನ್ನೇ ಇಟ್ಟುಕೊಂಡಿದ್ದರೆ, ದಡದಲ್ಲಿ ಟವರ್ ಹಿಡಿದ ಫೋನು ಮೂರು ಗಂಟೆ ತೋರಿಸುವಾಗ ಹಡಗಿನಲ್ಲಿ ನಾಲ್ಕಾಗಿರುತ್ತದೆ. ನಾಲ್ಕಕ್ಕೆ ಎಲ್ಲರೂ ಹತ್ತಿರಬೇಕು ಎಂದಿದ್ದರೆ ನಿಮ್ಮ ಫೋನಿನ ಪ್ರಕಾರ ಇನ್ನೂ ಒಂದು ಗಂಟೆ ಇದೆ, ನಿಜಕ್ಕೂ ಏಣಿ ಎತ್ತುತ್ತಿರುತ್ತಾರೆ. ಕೈಗೆ ಮಾಮೂಲಿ ಮುಳ್ಳಿನ ವಾಚು ಕಟ್ಟಿಕೊಂಡು, ಹಡಗಿನ ಸಮಯಕ್ಕೆ ಹೊಂದಿಸಿ, ಕೊನೇತನಕ ಮುಟ್ಟದೆ ಬಿಡುವುದೇ ಕ್ಷೇಮ. 2026ರಲ್ಲಿ ಇನ್ನೊಂದು ವಿಶೇಷ: ಅಕ್ಟೋಬರ್ 31 ಶನಿವಾರ, ಅದೇ ರಾತ್ರಿ ಕಳೆದು ಭಾನುವಾರ ನಸುಕಿನಲ್ಲಿ ಅಮೆರಿಕದ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ. ಆ ರಾತ್ರಿ ಹಡಗಿನ ಆ್ಯಪ್‌ನಲ್ಲಿ ಬರುವ ಸೂಚನೆಯನ್ನು ಓದದೆ ಮಲಗಬೇಡಿ.

ಈಗ ವೇಷ. ಅಂಗಡಿಯಲ್ಲಿ ಸಿಗುವ ಹ್ಯಾಲೋವೀನ್ ಉಡುಪುಗಳು ಹೆಚ್ಚಾಗಿ ಚಳಿ ಊರಿಗೆ ಹೊಲಿದವು: ದಪ್ಪ ಪಾಲಿಯೆಸ್ಟರ್, ಒಳಗೆ ಉಣ್ಣೆಯಂಥ ಅಸ್ತರಿ. ಕೆರಿಬಿಯನ್‌ನಲ್ಲಿ ಅಕ್ಟೋಬರ್ ಕೊನೆಯಲ್ಲೂ ಹಗಲು ಸುಮಾರು 30 ಡಿಗ್ರಿ, ಮೇಲೆ ನಮ್ಮ ಕರಾವಳಿಯ ಮೇ ತಿಂಗಳಿನಂಥ ಬೆವರು. ಡೆಕ್ ಪಾರ್ಟಿಯಲ್ಲಿ ಅಂಥ ಬಟ್ಟೆ ತೊಟ್ಟ ಮಗು ಹತ್ತು ನಿಮಿಷಕ್ಕೆ ಬಿಚ್ಚು ಎಂದು ಅಳುತ್ತದೆ. ಅದೇ ಮಗು ಊಟದ ಹಾಲ್‌ನ ಏಸಿಯಲ್ಲಿ ನಡುಗುತ್ತದೆ. ಹತ್ತಿಯ ಟೀಶರ್ಟು, ಲೆಗ್ಗಿಂಗ್ಸನ್ನೇ ಅಡಿಪಾಯ ಮಾಡಿ, ಅದರ ಮೇಲೆ ಕಳಚಬಹುದಾದ ರೆಕ್ಕೆ, ಬಾಲ, ಕಿವಿ, ಏಪ್ರನ್ ಜೋಡಿಸುವುದೇ ಸರಿಯಾದ ದಾರಿ. ಡೆಕ್ಕಿನ ಗಾಳಿಗೆ ಕೇಪ್ ಮುಖಕ್ಕೆ ಸುತ್ತಿಕೊಳ್ಳುತ್ತದೆ, ಅದಕ್ಕೆ ತುದಿಯಲ್ಲಿ ಎರಡು ಸೇಫ್ಟಿ ಪಿನ್ನಿನಿಂದ ಸೊಂಟದ ಪಟ್ಟಿಗೆ ಸಿಕ್ಕಿಸಿ. ವಿಗ್ಗನ್ನು ನಾಲ್ಕು ಹೇರ್‌ಪಿನ್ ಇಲ್ಲದೆ ಹೊರಗೆ ಒಯ್ಯಬೇಡಿ. ವೇಷದ ಜೊತೆ ಬರುವ ಪ್ಲಾಸ್ಟಿಕ್ ಬೂಟುಗಳ ಅಡಿ ನುಣುಪು, ಒದ್ದೆ ಡೆಕ್ಕಿನ ಮೇಲೆ ಜಾರುತ್ತವೆ. ಕಾಲಿಗೆ ರಬ್ಬರ್ ಅಡಿಯ ಮಾಮೂಲಿ ಶೂ ಇರಲಿ.

ಮುಖಕ್ಕೆ ಬಣ್ಣ ಹಚ್ಚುವುದಾದರೆ ನೀರಿನಲ್ಲಿ ಕರಗುವ ಬಣ್ಣ ತನ್ನಿ. ಎಣ್ಣೆಯ ಬಣ್ಣ ಬೆವರಿಗೆ ಜಗ್ಗುವುದಿಲ್ಲ ನಿಜ, ಆದರೆ ಹಡಗಿನ ಬಿಳಿ ಟವೆಲ್ಲು, ದಿಂಬು, ಸೋಫಾ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ನೀರಿನ ಬಣ್ಣವನ್ನು ತೆಳುವಾಗಿ ಹಚ್ಚಿ, ಪೂರ್ತಿ ಒಣಗಿದ ಮೇಲೆ ಮುಖದ ಪೌಡರನ್ನು ಪಫ್‌ನಿಂದ ಒತ್ತಿದರೆ ಎರಡು ಮೂರು ಗಂಟೆ ನಿಲ್ಲುತ್ತದೆ. ಪಫ್ ಉಜ್ಜಿದರೆ ಬಣ್ಣ ಎದ್ದುಬರುತ್ತದೆ, ಒತ್ತಬೇಕು ಅಷ್ಟೇ. ಸನ್‌ಸ್ಕ್ರೀನಿನ ಜಿಡ್ಡಿನ ಮೇಲೆ ಹಚ್ಚಿದರೆ ಹಿಡಿಯುವುದಿಲ್ಲ. ಬೀಚಿನಿಂದ ಬಂದವರು ಮೊದಲು ಸಾಬೂನು ಹಾಕಿ ಮುಖ ತೊಳೆಯಲಿ. ಹೊಸ ಬಣ್ಣವನ್ನು ಊರಲ್ಲೇ ಮಗುವಿನ ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ಕಾದು ನೋಡಿ, ಹಡಗಿನ ಡಾಕ್ಟರ ಬಿಲ್ಲು ಭಾರಿ.

ಆಟಿಕೆ ಬಂದೂಕು, ಕತ್ತಿ, ಈಟಿ ಬೇಡ. ಟರ್ಮಿನಲ್‌ನ ಎಕ್ಸ್‌ರೇಯಲ್ಲಿ ಸಿಕ್ಕಿಬಿದ್ದರೆ ಹಬ್ಬಕ್ಕೆ ಮೊದಲೇ ಮಗುವಿನ ಕಣ್ಣೀರು. ಅದಕ್ಕಿಂತ ದೊಡ್ಡದು ಸೈನಿಕನ ವೇಷ. ಜಮೈಕಾ, ಬಾರ್ಬಡೋಸ್, ಸೇಂಟ್ ಲೂಸಿಯಾಗಳಲ್ಲಿ ನಾಗರಿಕರು ಮಿಲಿಟರಿ ಹಸಿರು-ಕಂದು ಮಚ್ಚೆಯ ಬಟ್ಟೆ ತೊಡುವುದು ಅಪರಾಧ, ಮಕ್ಕಳಿಗೂ ವಿನಾಯಿತಿ ಇಲ್ಲ. ಟೋಪಿ, ಬೆನ್ನುಚೀಲ, ಚಡ್ಡಿಯಲ್ಲೂ ಆ ವಿನ್ಯಾಸ ಇರಬಾರದು.

ಕ್ಯಾಬಿನ್ ಬಾಗಿಲು ಸಿಂಗರಿಸುವುದು ಮಕ್ಕಳಿಗೆ ಪಾರ್ಟಿಯಷ್ಟೇ ಇಷ್ಟ. ಡಿಸ್ನಿ ಹಡಗಿನ ಬಾಗಿಲು ಉಕ್ಕಿನದು, ಆಯಸ್ಕಾಂತ ಮಾತ್ರ ಬಳಸಬಹುದು. ಟೇಪು, ಗಮ್ಮು, ಬಾಗಿಲ ಮೇಲಂಚಿಗೆ ನೇತುಹಾಕುವ ಕೊಕ್ಕೆ ನಿಷಿದ್ಧ. ಎ4 ಹಾಳೆಯಲ್ಲಿ ಕುಂಬಳಕಾಯಿ, ಬಾವಲಿ ಮುದ್ರಿಸಿ ಲ್ಯಾಮಿನೇಟ್ ಮಾಡಿಸಿ, ಹಿಂದೆ ನಾಲ್ಕು ಮೂಲೆಗೂ ಆಯಸ್ಕಾಂತದ ಪಟ್ಟಿ ಅಂಟಿಸಿಕೊಂಡು ಹೋಗಿ. ಎರಡೇ ಮೂಲೆಗೆ ಹಾಕಿದರೆ ಓಡಾಡುವವರ ಭುಜ ತಗುಲಿ ಬೀಳುತ್ತದೆ. ಚಿತ್ರದ ಹಿಂದೆ ಕ್ಯಾಬಿನ್ ನಂಬರು ಬರೆದಿರಲಿ. ಅಲಂಕಾರದ ದೀಪಕ್ಕೆಂದು ಎಕ್ಸ್‌ಟೆನ್ಶನ್ ಕಾರ್ಡ್ ಒಯ್ದರೆ ತೆಗೆದಿಟ್ಟುಕೊಳ್ಳುತ್ತಾರೆ.

ಹ್ಯಾಲೋವೀನ್‌ನಲ್ಲಿ ಮಕ್ಕಳು ಚೀಲ ಹಿಡಿದು ಕ್ಯಾಂಡಿ ಕೂಡಿಸುತ್ತಾರೆ, ಈ ವಿಷಯಕ್ಕೆ ಸಸ್ಯಾಹಾರಿ ಮನೆಯವರು ಸ್ವಲ್ಪ ತಯಾರಿ ಮಾಡಿಕೊಳ್ಳಬೇಕು. ಕ್ಯಾಂಡಿ ಕಾರ್ನ್, ಮಾರ್ಷ್‌ಮೆಲೋ, ಹರಿಬೋ ಗಮ್ಮಿಗಳು, ಅಮೆರಿಕದ ಸ್ಟಾರ್‌ಬರ್ಸ್ಟ್, ಇವುಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರುತ್ತದೆ. ಸ್ಕಿಟಲ್ಸ್‌ನಲ್ಲಿ ಇಲ್ಲ. ಚೀಲ ತುಂಬಿದ ಮೇಲೆ ಮಗುವಿನ ಕೈಯಿಂದ ಕಸಿಯುವುದು ಕ್ರೌರ್ಯ. ಅದಕ್ಕೆ ನಾವು ಊರಿಂದಲೇ ಒಂದು ಸೀಲ್ ಒಡೆಯದ ಸ್ಕಿಟಲ್ಸ್ ಪ್ಯಾಕೆಟ್ಟು ಒಯ್ದು, ತಿನ್ನಬಾರದ ಮೂರು ಕೊಟ್ಟರೆ ಇವುಗಳಲ್ಲಿ ನಾಲ್ಕು ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳುತ್ತೇವೆ. ಕಂಪನಿಯ ಪ್ಯಾಕ್ ಮಾಡಿದ ತಿಂಡಿಗೆ ತಕರಾರಿಲ್ಲ, ಮನೆಯಲ್ಲಿ ಮಾಡಿದ ಚಕ್ಕುಲಿ, ಕೋಡುಬಳೆಯನ್ನು ಹಡಗಿಗೆ ಬಿಡುವುದಿಲ್ಲ. ಊಟಕ್ಕೆ ಕಷ್ಟವಿಲ್ಲ. ಸಸ್ಯಾಹಾರ ಅಂತ ಬುಕಿಂಗ್‌ನಲ್ಲೇ ದಾಖಲಿಸಿ, ಮೊದಲ ರಾತ್ರಿ ಹೆಡ್ ಸರ್ವರ್‌ಗೆ ನಾಳೆ ಏನು ಬೇಕೆಂದು ಇವತ್ತೇ ಹೇಳಿದರೆ ಅನ್ನ, ದಾಲ್, ಪಲ್ಯ ಮಾಡಿಸಿಕೊಡುತ್ತಾರೆ. ಮಂಗಳೂರು, ಉಡುಪಿ ಕಡೆಯವರು ಕ್ರೂಸ್ ಹಡಗುಗಳಲ್ಲಿ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದಾರೆ. ಕನ್ನಡ ತುಳು ಕೇಳಿಸಿದರೆ ಮಾತನಾಡಿಸಿ, ಅವರಿಗೂ ಸಂತೋಷ.

ಪಾರ್ಟಿ ಸಾಮಾನ್ಯವಾಗಿ ಇಡೀ ಪ್ರಯಾಣದಲ್ಲಿ ಒಂದೇ ರಾತ್ರಿ. ಅದು ಯಾವ ರಾತ್ರಿ ಎಂದು ಹತ್ತಿದ ಕೂಡಲೇ ಆ್ಯಪ್‌ನಲ್ಲಿ ನೋಡಿ. ಪೋರ್ಟರ್ ಕೈಗೆ ಕೊಟ್ಟ ಸೂಟ್‌ಕೇಸು ಕ್ಯಾಬಿನ್ನಿಗೆ ಬರುವುದು ಸಂಜೆಯಾಗಬಹುದು, ಆದ್ದರಿಂದ ಮೂರು ರಾತ್ರಿಯ ಚಿಕ್ಕ ಪ್ರಯಾಣಕ್ಕೆ ವೇಷವನ್ನು ಕೈಚೀಲದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಆರು ವರ್ಷದೊಳಗಿನ ಮಕ್ಕಳಿದ್ದರೆ ಮೊದಲ ಪಂಕ್ತಿಯ ಊಟ ಆರಿಸಿ, ಅಂದು ಮಧ್ಯಾಹ್ನ ಕಡ್ಡಾಯವಾಗಿ ಮಲಗಿಸಿ. ಡೆಕ್ ಮೇಲಿನ ಕುಣಿತ ರಾತ್ರಿ ತಡವಾಗಿ ಶುರುವಾಗುತ್ತದೆ. ಡಿಸ್ನಿ ಹಡಗಿನ ಲಾಬಿಯಲ್ಲಿ ಅಲಂಕಾರಕ್ಕೆ ನಿಲ್ಲಿಸುವ ದೊಡ್ಡ ಕುಂಬಳ ಮರದ ಮುಂದೆ ಪಾರ್ಟಿ ರಾತ್ರಿ ಫೋಟೋಗೆ ಉದ್ದ ಸಾಲು. ವೇಷ ಹಾಕಿ, ಊಟಕ್ಕೆ ಅರ್ಧ ಗಂಟೆ ಮುಂಚೆಯೇ ಹೋದರೆ ಬಣ್ಣ ಕೆಡುವ ಮೊದಲೇ ಫೋಟೋ ಮುಗಿದಿರುತ್ತದೆ.

ಗ್ರ್ಯಾಂಡ್ ಕೇಮನ್‌ನಲ್ಲಿ ಹಡಗು ದಡಕ್ಕೆ ಕಟ್ಟುವುದಿಲ್ಲ, ಚಿಕ್ಕ ದೋಣಿಯಲ್ಲಿ ಜಾರ್ಜ್‌ಟೌನಿಗೆ ಹೋಗಬೇಕು. ಗಾಳಿ ಜೋರಿದ್ದರೆ ಮೊದಲು ರದ್ದಾಗುವುದು ಅದೇ. ಆ ದಿನ ಮಡಿಚುವ ಹಗುರ ಸ್ಟ್ರಾಲರ್ ಮಾತ್ರ ಒಯ್ಯಿರಿ.

ಕೊನೆಯ ರಾತ್ರಿ ಸೂಟ್‌ಕೇಸುಗಳನ್ನು ಬಾಗಿಲ ಹೊರಗಿಡುವ ಮುಂಚೆ ಬೆಳಗಿನ ಬಟ್ಟೆ, ಔಷಧಿ, ಪಾಸ್‌ಪೋರ್ಟ್, ಐ-797 ಪ್ರತಿ ತೆಗೆದಿಟ್ಟುಕೊಳ್ಳಿ. ಉಳಿದ ಕ್ಯಾಂಡಿಯನ್ನು ಅಮೆರಿಕದೊಳಗೆ ತರಬಹುದು, ಬಫೆಯಿಂದ ಎತ್ತಿಕೊಂಡ ಸೇಬು ಬಾಳೆಹಣ್ಣು ತರುವಂತಿಲ್ಲ. ಮನೆ ತಲುಪಿದ ವಾರವೇ ಎಲ್ಲರ ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಎಂಬ ಪ್ರವೇಶ ದಾಖಲೆ) ತೆಗೆದು ಕೊನೆಯ ದಿನಾಂಕ ನೋಡಿ. ಪಾಸ್‌ಪೋರ್ಟಿನ ಅವಧಿ ವೀಸಾಗಿಂತ ಮೊದಲೇ ಮುಗಿಯುವಂತಿದ್ದರೆ ಅಧಿಕಾರಿಗಳು ಆ ದಿನಾಂಕಕ್ಕೇ ಐ-94 ಮೊಟಕುಗೊಳಿಸಿರಬಹುದು. ಹಾಗಾಗಿದ್ದರೆ ಆಫೀಸಿನ ವಕೀಲರಿಗೆ ಅವತ್ತೇ ಕಳಿಸಿ.