ಫ್ರಾನ್ಸಿನ ಹಳ್ಳಿಯಲ್ಲಿ ಒಂದು ವಾರ: ಮನೆ ಮೊದಲು, ರಸ್ತೆ ಆಮೇಲೆ

ಫ್ರಾನ್ಸಿಗೆ ಹೊರಟ ನಮ್ಮ ಕಡೆಯವರು ಮೊದಲು ಮಾಡುವ ಕೆಲಸ ಊರುಗಳ ಪಟ್ಟಿ ಬರೆಯುವುದು. ಪ್ಯಾರಿಸ್, ನೀಸ್, ಆಲ್ಪ್ಸ್, ಎಲ್ಲಾ ಒಂದೇ ರಜೆಯಲ್ಲಿ. ಆಮೇಲೆ ಊರಿಂದ ಊರಿಗೆ ಗೆರೆ ಎಳೆದು, ಗೆರೆ ಮುಗಿದ ಕಡೆ ಹೋಟೆಲ್ ಹುಡುಕುತ್ತಾರೆ. ಹಳ್ಳಿ ಕಡೆ ಇರುವ ಆಸೆ ಇದ್ದರೆ ಇದನ್ನು ಉಲ್ಟಾ ಮಾಡಿ. ಮೊದಲು ಒಂದು ಮನೆ ಗೊತ್ತು ಮಾಡಿಕೊಳ್ಳಿ, ಅಲ್ಲೇ ಒಂದು ವಾರ ಇರಿ, ರಸ್ತೆಗಳನ್ನು ಆ ಮನೆಯ ಸುತ್ತ ಹಾಕಿ. ನಾನು ಮೂಡಿಗೆರೆ ಹತ್ತಿರ ಕಾಫಿ ತೋಟದಲ್ಲಿ ಹೋಮ್‌ಸ್ಟೇ ನಡೆಸುವವಳು. ಒಂದು ರಾತ್ರಿಗೆ ಬಂದು, ಬೆಳಗ್ಗೆ ಎದ್ದು ಮುಳ್ಳಯ್ಯನಗಿರಿ, ಬೇಲೂರು, ಹಳೇಬೀಡು ಮೂರನ್ನೂ ಮುಗಿಸಿ ಬೆಂಗಳೂರು ಸೇರುತ್ತೇವೆ ಅನ್ನುವ ಗೆಸ್ಟ್‌ಗಳನ್ನು ನೋಡಿ ನೋಡಿ ಈ ವಿಷಯದಲ್ಲಿ ನನಗೆ ಹಟ ಸ್ವಲ್ಪ ಜಾಸ್ತಿ.

ಯಾವಾಗ ಹೋಗಬೇಕು ಅನ್ನುವುದನ್ನು ನಮ್ಮಂಥವರಿಗೆ ತೋಟವೇ ಹೇಳುತ್ತದೆ. ಚಳಿಗಾಲ ಪೂರ್ತಿ ಕೊಯ್ಲು, ಆಮೇಲೆ ಕಾಫಿ ಹೂ ಬಿಡಿಸುವ ಹೂಮಳೆ ಕಾಯುವುದು, ಮಳೆಗಾಲಕ್ಕೆ ಮುಂಚೆ ಗಿಡಕ್ಕೆ ಬೋರ್ಡೋ ಮದ್ದು ಹೊಡೆಸುವುದು. ಅದು ಮುಗಿಸಿ ಜೂನ್‌ನಲ್ಲಿ ಹೊರಟರೆ ಸರಿಹೋಗುತ್ತದೆ. (ಎಲೆ ತುಕ್ಕಿಗೆ ನಾವು ಹೊಡೆಸುವ ಆ ಮೈಲುತುತ್ತ-ಸುಣ್ಣದ ಮದ್ದು 1880ರ ದಶಕದಲ್ಲಿ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಿಂದಲೇ ಬಂದದ್ದು. ನಮ್ಮನೆಯವರಿಗೆ ಫ್ರಾನ್ಸ್ ಬಗ್ಗೆ ಮೊದಲು ಇದ್ದ ಗೌರವ ಅಷ್ಟೇ.) ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆಯಲ್ಲೂ ಬೆಳಕು ಇರುತ್ತದೆ. ಕತ್ತಲಲ್ಲಿ ಗೊತ್ತಿಲ್ಲದ ರಸ್ತೆಯಲ್ಲಿ ಓಡಿಸುವ ಪ್ರಮೇಯ ಬರುವುದಿಲ್ಲ. ಅಲ್ಲಿನ ಶಾಲೆ ರಜೆ ಜುಲೈ ಮೊದಲ ವಾರದ ಹೊತ್ತಿಗೆ ಶುರುವಾಗಿ ಆಗಸ್ಟ್ ಕೊನೆ ತನಕ ಇರುತ್ತದೆ. ಆ ಎರಡು ತಿಂಗಳು ಬಾಡಿಗೆಯೂ ಜಾಸ್ತಿ, ಜನವೂ ಜಾಸ್ತಿ. ಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಏಪ್ರಿಲ್-ಮೇ ನೋಡಿ. ಆದರೆ ಮೇ 1, ಮೇ 8 ಎರಡೂ ಅಲ್ಲಿ ಸರ್ಕಾರಿ ರಜೆ. ಆ ದಿನಗಳ ಅಕ್ಕಪಕ್ಕ ಅವರೂ ಕಾರು ಹತ್ತಿರುತ್ತಾರೆ.

ಈಗ ಮನೆ. ಹಳ್ಳಿ ಕಡೆ ಮುಖ್ಯವಾಗಿ ಎರಡು ತರಹ ಸಿಗುತ್ತದೆ. ಜೀಟ್ ಅಂದರೆ ಇಡೀ ಮನೆ ಬಾಡಿಗೆಗೆ, ಅಡುಗೆಮನೆ ನಿಮ್ಮದೇ, ಸಾಮಾನ್ಯವಾಗಿ ವಾರದ ಲೆಕ್ಕ. ಶಾಂಬ್ರ್ ದೋಟ್ ಅಂದರೆ ಮಾಲೀಕರ ಮನೆಯಲ್ಲೇ ರೂಮು, ಬೆಳಗಿನ ತಿಂಡಿ ಸೇರಿ. ನಮ್ಮ ಹೋಮ್‌ಸ್ಟೇ ಇದ್ದ ಹಾಗೆ. ಕಾನೂನಿನ ಪ್ರಕಾರ ಐದು ರೂಮಿಗಿಂತ ಹೆಚ್ಚು ಇಡುವ ಹಾಗಿಲ್ಲ, ಹದಿನೈದು ಜನಕ್ಕಿಂತ ಹೆಚ್ಚು ಇಳಿಸುವ ಹಾಗಿಲ್ಲ. ಕೆಲವರು ತಾಬ್ಲ್ ದೋಟ್ ಅಂತ ರಾತ್ರಿ ಊಟವನ್ನೂ ಹಾಕುತ್ತಾರೆ, ಮಾಲೀಕರ ಜೊತೆ ಒಂದೇ ಮೇಜಿನಲ್ಲಿ. ನನ್ನ ಸಲಹೆ ಇಷ್ಟು: ಒಂದು ವಾರಕ್ಕೆ ಜೀಟ್, ಅದರ ಹಿಂದೆಯೋ ಮುಂದೆಯೋ ಒಂದೆರಡು ರಾತ್ರಿ ಶಾಂಬ್ರ್ ದೋಟ್. ಸಸ್ಯಾಹಾರಿಗಳಿದ್ದರಂತೂ ಅಡುಗೆಮನೆ ಇಲ್ಲದ ಜಾಗದ ಕಡೆ ತಲೆ ಹಾಕಬೇಡಿ.

ಹುಡುಕುವುದಕ್ಕೆ ಮಾಮೂಲಿ ಬುಕಿಂಗ್ ಆ್ಯಪ್‌ಗಳ ಜೊತೆಗೆ ಜೀಟ್ ದ ಫ್ರಾನ್ಸ್ ಅನ್ನುವ ಒಕ್ಕೂಟದ ಸೈಟನ್ನೂ ನೋಡಿ. ಅದು 1955ರಿಂದ ಇದೆ. ಮನೆಗಳಿಗೆ ನಕ್ಷತ್ರದ ಬದಲು ಗೋಧಿ ತೆನೆ ಕೊಡುತ್ತಾರೆ, ಒಂದರಿಂದ ಐದು. ಎರಡು-ಮೂರು ತೆನೆಯ ಮನೆ ನಮಗೆ ಧಾರಾಳವಾಗಿ ಸಾಕು.

ಫೋಟೋ ನೋಡುವಾಗ ಏನಿದೆ ಅಂತ ನೋಡಬೇಡಿ, ಏನಿಲ್ಲ ಅಂತ ನೋಡಿ. ನಾನೂ ನಮ್ಮ ಮನೆಯ ಫೋಟೋ ಹಾಕುವಾಗ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಕಡೆಗೆ ಕ್ಯಾಮೆರಾ ತಿರುಗಿಸುವುದಿಲ್ಲ. ಹತ್ತು ಫೋಟೋದಲ್ಲಿ ಎಂಟು ಈಜುಕೊಳದ್ದಾಗಿದ್ದು ಅಡುಗೆಮನೆ ಒಂದೂ ಇಲ್ಲದಿದ್ದರೆ ಅನುಮಾನ ಬರಬೇಕು. ಜಾಗ ಮ್ಯಾಪಿನಲ್ಲಿ ಗೊತ್ತಾದರೆ ಸ್ಯಾಟಲೈಟ್‌ನಲ್ಲಿ ಇಳಿದು ನೋಡಿ. ಪಕ್ಕದಲ್ಲಿ ಹೆದ್ದಾರಿ ಇದೆಯಾ, ದೊಡ್ಡ ಕೊಟ್ಟಿಗೆ ಇದೆಯಾ, ಬ್ರೆಡ್ ಅಂಗಡಿಗೆ ನಡೆದು ಹೋಗಬಹುದಾ, ಎಲ್ಲ ಕಾಣುತ್ತದೆ. ಆಮೇಲೆ ಮಾಲೀಕರಿಗೆ ಒಂದು ಮೆಸೇಜ್ ಹಾಕಿ. ಟ್ರಾನ್ಸ್‌ಲೇಟ್ ಮಾಡಿದ ಫ್ರೆಂಚ್ ಆದರೂ ಪರವಾಗಿಲ್ಲ, ಮೊದಲು "ಬೋಂಜೂರ್" ಇರಲಿ. ಕೇಳಬೇಕಾದ್ದು: ಕೊನೆಯ ಒಂದು ಕಿಲೋಮೀಟರ್ ಟಾರ್ ಇದೆಯಾ? ಹಾಸಿಗೆ ಬಟ್ಟೆ, ಟವೆಲ್ ಬಾಡಿಗೆಯಲ್ಲಿ ಸೇರಿದೆಯಾ? ಹೊರಡುವಾಗ ಕ್ಲೀನಿಂಗ್ ನಮ್ಮದಾ, ನಿಮ್ಮದಾ? ಜೀಟ್‌ಗಳಲ್ಲಿ ಬೆಡ್‌ಶೀಟ್‌ಗೆ ಬೇರೆ ದುಡ್ಡು, ಕ್ಲೀನಿಂಗ್‌ಗೆ ಬೇರೆ ದುಡ್ಡು ಇರುವುದು ಮಾಮೂಲು. ತಲೆಗೆ ಇಷ್ಟು ಅಂತ ಪ್ರವಾಸಿ ತೆರಿಗೆ, ಮೇಲೆ ವಾಪಸ್ ಕೊಡುವ ಡೆಪಾಸಿಟ್ ಬೇರೆ. ಈ ಪ್ರಶ್ನೆಗಳಿಗೆ ಬರುವ ಉತ್ತರಕ್ಕಿಂತ, ಉತ್ತರ ಎಷ್ಟು ಬೇಗ ಬಂತು, ಎಷ್ಟು ಬಿಡಿಸಿ ಬರೆದರು ಅನ್ನುವುದು ಮುಖ್ಯ. ಒಂದೇ ಪದದಲ್ಲಿ ಉತ್ತರಿಸುವವರ ಮನೆಯಲ್ಲಿ ಗೀಸರ್ ಕೆಟ್ಟರೂ ಅಷ್ಟೇ ಉತ್ತರ ಸಿಗುತ್ತದೆ.

ಮಾಲೀಕರ ಜೊತೆ ನೇರ ಕರಾರು ಮಾಡುವವರು ಒಂದು ವಿಷಯ ಗಮನಿಸಿ. ಮುಂಗಡಕ್ಕೆ ಅಲ್ಲಿ ಎರಡು ಲೆಕ್ಕ ಇದೆ. ಕರಾರಿನಲ್ಲಿ 'ಆರ್' ಅಂತಿದ್ದರೆ, ನೀವು ಬಿಟ್ಟರೆ ಮುಂಗಡ ಹೋಗುತ್ತದೆ, ಅಷ್ಟಕ್ಕೇ ಮುಗಿಯಿತು. ಅವರು ಬಿಟ್ಟರೆ ಎರಡರಷ್ಟು ಕೊಡಬೇಕು. 'ಅಕೋಂತ್' ಅಂತಿದ್ದರೆ ಇಬ್ಬರೂ ಕಟ್ಟುಬಿದ್ದ ಹಾಗೆ, ಪೂರ್ತಿ ಬಾಡಿಗೆ ಕೇಳುವ ಹಕ್ಕು ಅವರಿಗಿರುತ್ತದೆ. ವೀಸಾ ಇನ್ನೂ ಕೈಗೆ ಬಾರದ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ವೀಸಾ ಬರುವ ತನಕ ಕ್ಯಾನ್ಸಲ್ ಮಾಡಲು ಆಗುವ ಬುಕಿಂಗ್ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಅರ್ಜಿಗೆ ಉಳಿಯುವ ಜಾಗದ ದಾಖಲೆ ಬೇಕೇ ಬೇಕು.

ವೀಸಾ ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ಆದ ಷೆಂಗೆನ್ ವೀಸಾ, ಅರ್ಜಿ ಬೆಂಗಳೂರಿನ ಕೇಂದ್ರದಲ್ಲಿ. ಹೊರಡುವ ಆರು ತಿಂಗಳ ಮುಂಚೆಯಿಂದ ಹಾಕಬಹುದು, ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಕಷ್ಟ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ತೋಟದವರಿಗೆ ಸಂಬಳದ ಸ್ಲಿಪ್ ಇರುವುದಿಲ್ಲವಲ್ಲ, ನಾವು ಪಹಣಿ, ಕಾಫಿ ಮಾರಿದ ಬಿಲ್, ಐಟಿ ರಿಟರ್ನ್ಸ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿ ಕೊಟ್ಟಿದ್ದೆವು. ಗಾಡಿ ಓಡಿಸುವವರು ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಬೇಕು. ಅದಕ್ಕೆ ಒಂದು ವರ್ಷ ಆಯಸ್ಸು. ನಮ್ಮ ಮೂಲ ಲೈಸೆನ್ಸ್ ಕೂಡ ಜೊತೆಗಿರಲಿ, ಪರ್ಮಿಟ್ ಒಂದೇ ಸಾಲದು.

ಕಾರಿಗೆ ಆಟೋಮ್ಯಾಟಿಕ್ಕೇ ಕೇಳಿ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಸ್ಟೀರಿಂಗ್ ಎಡಗಡೆ, ಗೇರು ಬಲಗೈಗೆ. ಒಂದೇ ಸಲ ಎಲ್ಲಾ ಬದಲಾದಾಗ ಕ್ಲಚ್ ಒಂದಾದರೂ ಇಲ್ಲದಿರಲಿ. ಆಟೋಮ್ಯಾಟಿಕ್ ಕಡಿಮೆ ಇರುತ್ತವೆ, ಬಾಡಿಗೆ ಜಾಸ್ತಿ, ಹಾಗಾಗಿ ಮನೆ ಗೊತ್ತಾದ ದಿನವೇ ಬುಕ್ ಮಾಡಿ. ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು, ಡೆಪಾಸಿಟ್ ಅದರ ಮೇಲೆ ಹಿಡಿದಿಡುತ್ತಾರೆ. ಮತ್ತೆ, ವಿಮಾನದಲ್ಲಿ ನಿದ್ದೆಗೆಟ್ಟು ಇಳಿದು ಹಾಗೇ ಕೀ ತೆಗೆದುಕೊಳ್ಳಬೇಡಿ. ಪ್ಯಾರಿಸ್‌ನ ದೊಡ್ಡ ಏರ್‌ಪೋರ್ಟಿನ ಟರ್ಮಿನಲ್ 2ರಲ್ಲೇ ಟಿಜಿವಿ ಅನ್ನುವ ವೇಗದ ರೈಲಿನ ನಿಲ್ದಾಣ ಇದೆ. ರೈಲಿನಲ್ಲಿ ನಿದ್ದೆ ಮಾಡಿಕೊಂಡು ನಿಮ್ಮ ಸೀಮೆಯ ದೊಡ್ಡ ಊರು ಸೇರಿ, ಅಲ್ಲಿ ಒಂದು ರಾತ್ರಿ ಮಲಗಿ, ಬೆಳಗ್ಗೆ ಕಾರು ಹಿಡಿಯಿರಿ. ಪ್ಯಾರಿಸ್ ನಗರದ ಮೊಂಪಾರ್ನಾಸ್ ನಿಲ್ದಾಣದಿಂದಾದರೆ ಬೋರ್ಡೋಗೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ.

ಇನ್ನು ರಸ್ತೆ. ಕೊಟ್ಟಿಗೆಹಾರದಲ್ಲಿ ನಿಂತು ಚಾರ್ಮಾಡಿ ಇಳಿಯುವುದಕ್ಕೆ ಎಷ್ಟು ಕಿಲೋಮೀಟರ್ ಅಂತ ಯಾರೂ ಕೇಳುವುದಿಲ್ಲ, ಎಷ್ಟು ಹೊತ್ತು ಅಂತ ಕೇಳುತ್ತಾರೆ. ಅಲ್ಲೂ ಅದೇ ಲೆಕ್ಕ ಇಟ್ಟುಕೊಳ್ಳಿ. ಅಲ್ಲಿನ ರಸ್ತೆ ಹೆಸರಿನ ಮೊದಲ ಅಕ್ಷರ ಎ ಆಗಿದ್ದರೆ ಎಕ್ಸ್‌ಪ್ರೆಸ್‌ವೇ, 130 ತನಕ ಹೋಗಬಹುದು, ಮಳೆ ಬಂದರೆ 110. ಡಿ ಆಗಿದ್ದರೆ ಜಿಲ್ಲಾ ರಸ್ತೆ, ಮಧ್ಯೆ ಡಿವೈಡರ್ ಇಲ್ಲದಿದ್ದರೆ 80. ಈ 80ರ ನಿಯಮ 2018ರ ಜುಲೈಯಿಂದ ಬಂದದ್ದು. ಕೆಲವು ಜಿಲ್ಲೆಗಳು ಮತ್ತೆ 90 ಮಾಡಿಕೊಂಡಿವೆ, ಬೋರ್ಡ್ ನೋಡಿಕೊಳ್ಳಿ. ಕೆಂಪು ಅಂಚಿನ ಊರಿನ ಬೋರ್ಡ್ ಬಂತು ಅಂದರೆ 50 ಶುರು, ಬೇರೆ ಬೋರ್ಡ್ ಇರುವುದಿಲ್ಲ. ಆ ಹೆಸರಿನ ಮೇಲೆ ಅಡ್ಡಗೆರೆ ಎಳೆದ ಬೋರ್ಡ್ ಬರುವ ತನಕ 50ರಲ್ಲೇ ಇರಿ. ಕ್ಯಾಮೆರಾ ಹಿಡಿದರೆ ದಂಡ ಊರಿಗೆ ಬಂದ ಮೇಲೂ ಹುಡುಕಿಕೊಂಡು ಬರುತ್ತದೆ, ಬಾಡಿಗೆ ಕಂಪನಿ ತನ್ನ ಚಾರ್ಜ್ ಸೇರಿಸಿರುತ್ತದೆ.

ನಮ್ಮವರು ನಿಜವಾಗಿ ಕಕ್ಕಾಬಿಕ್ಕಿ ಆಗುವುದು ಹಳ್ಳಿ ಒಳಗಿನ ಬಲಗಡೆಯ ಸಂದಿಗಳಲ್ಲಿ. ಯಾವ ಬೋರ್ಡೂ ಇಲ್ಲದ ಕಡೆ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ನೀವು ದೊಡ್ಡ ರಸ್ತೆಯಲ್ಲಿ ಇದ್ದೀರಿ, ಅವನು ಸಣ್ಣ ಓಣಿಯಿಂದ ಹಳೇ ವ್ಯಾನ್ ತರುತ್ತಿದ್ದಾನೆ, ಆದರೂ ನಿಲ್ಲಬೇಕಾದವರು ನೀವು. ಅವನು ತಿರುಗಿ ನೋಡುವುದೂ ಇಲ್ಲ, ಸೀದಾ ಬಂದುಬಿಡುತ್ತಾನೆ. ಹಳದಿ ವಜ್ರಾಕಾರದ ಬೋರ್ಡ್ ಇದ್ದರೆ ಮಾತ್ರ ನಿಮ್ಮ ರಸ್ತೆಗೆ ಹಕ್ಕು. ಸರ್ಕಲ್‌ಗಳಲ್ಲಿ ಸಾಮಾನ್ಯವಾಗಿ ಒಳಗಿರುವವರಿಗೆ, ಅಂದರೆ ಎಡಗಡೆಯಿಂದ ಬರುವವರಿಗೆ ಬಿಡಬೇಕು. ದಾರಿ ತಪ್ಪಿದರೆ ಇನ್ನೊಂದು ಸುತ್ತು ಹೊಡೆಯಿರಿ, ಯಾರೂ ಏನೂ ಅನ್ನುವುದಿಲ್ಲ.

ದಾರಿ ಬರೆದುಕೊಳ್ಳುವಾಗ ರಸ್ತೆ ನಂಬರ್ ನೆಚ್ಚಬೇಡಿ, ಜಿಲ್ಲೆ ದಾಟಿದರೆ ಡಿ ನಂಬರ್ ಬದಲಾಗಬಹುದು. ಊರಿನ ಹೆಸರುಗಳನ್ನು ಸಾಲಾಗಿ ಬರೆಯಿರಿ, ಬೋರ್ಡ್‌ನಲ್ಲಿ ಕಾಣುವುದು ಅವೇ. ಫೋನಿನಲ್ಲಿ ಆಫ್‌ಲೈನ್ ಮ್ಯಾಪ್ ಇರಲಿ, ಜೊತೆಗೆ ಒಂದು ಮಿಶೆಲಿನ್ ಪೇಪರ್ ಮ್ಯಾಪ್ ತೆಗೆದುಕೊಳ್ಳಿ. ಅದರಲ್ಲಿ ಪಕ್ಕಕ್ಕೆ ಹಸಿರು ಗೆರೆ ಇರುವ ರಸ್ತೆಗಳು ನೋಡುವುದಕ್ಕೆ ಚೆಂದ ಇರುವಂಥವು. ಫೋನಿಗೆ ಚೆಂದ ಗೊತ್ತಾಗುವುದಿಲ್ಲ, ನಾಲ್ಕು ನಿಮಿಷ ಉಳಿಯುತ್ತದೆ ಅಂತ ಹೊಲದ ಮಧ್ಯದ ಒಂಟಿ ದಾರಿಗೆ ಇಳಿಸುತ್ತದೆ.

ಒಂದು ಉದಾಹರಣೆ ಹಾಕಿಕೊಡುತ್ತೇನೆ. ನೈಋತ್ಯದ ದೋರ್ದೋನ್ ನದಿ ಸೀಮೆ, ಸಾರ್ಲಾ ಪಟ್ಟಣದ ಹತ್ತಿರ ಮನೆ. ಬೇಸಿಗೆಯಲ್ಲಿ ಜೀಟ್‌ಗಳು ಶನಿವಾರದಿಂದ ಶನಿವಾರಕ್ಕೆ, ಸಂಜೆ ನಾಲ್ಕರ ಮೇಲೆ ಒಳಗೆ ಬಿಡುತ್ತಾರೆ. ಬೆಳಗ್ಗೆ ಬೋರ್ಡೋದಲ್ಲಿ ಕಾರು ಹಿಡಿದು ಎ89 ಮೇಲೆ ಹೊರಟರೆ ಸುಮಾರು ಎರಡೂವರೆ ಗಂಟೆ. ಟೋಲ್‌ನಲ್ಲಿ ಕಿತ್ತಳೆ ಬಣ್ಣದ ಟಿ ಅಕ್ಷರ ಮಾತ್ರ ಇರುವ ಲೇನಿಗೆ ನುಗ್ಗಬೇಡಿ, ಅದು ಅವರ ಫಾಸ್ಟ್ಯಾಗ್ ಲೇನು. ಸಾರ್ಲಾ ತಲುಪುವ ಮುಂಚೆ ಸೂಪರ್‌ಮಾರ್ಕೆಟ್‌ನಲ್ಲಿ ಎರಡು ದಿನದ ಸಾಮಾನು ತುಂಬಿ. ಭಾನುವಾರ ಮಧ್ಯಾಹ್ನದ ಮೇಲೆ ಹಳ್ಳಿಗಳಲ್ಲಿ ಏನೂ ತೆರೆದಿರುವುದಿಲ್ಲ, ಸೋಮವಾರವೂ ಎಷ್ಟೋ ಅಂಗಡಿ ಮುಚ್ಚಿರುತ್ತವೆ.

ಭಾನುವಾರ ಹತ್ತಿರದ್ದು: ಬೇನಾಕ್ ಕೋಟೆ, ಬಂಡೆಗೆ ಅಂಟಿಕೊಂಡ ಲಾ ರೋಕ್ ಗಜಾಕ್, ಗುಡ್ಡದ ಮೇಲಿನ ದೋಮ್. ಮೂರೂ ಸಾರ್ಲಾದಿಂದ ಅರ್ಧ ಗಂಟೆಯೊಳಗೆ, ನದಿ ದಂಡೆಯಲ್ಲೇ ಒಂದು ಸುತ್ತು. ಸೋಮವಾರ ಬಟ್ಟೆ ಒಗೆದು ಮನೆಯಲ್ಲಿರಿ. ಒಂದು ದಿನ ಮೊಂತಿನ್ಯಾಕ್‌ನ ಲಾಸ್ಕೋ, ಆದಿಮಾನವರು ಬಿಡಿಸಿದ ಚಿತ್ರಗಳ ಗುಹೆ. 1940ರಲ್ಲಿ ಸಿಕ್ಕ ಮೂಲ ಗುಹೆಯನ್ನು ಚಿತ್ರ ಹಾಳಾಗುತ್ತದೆ ಅಂತ 1963ರಲ್ಲೇ ಮುಚ್ಚಿದ್ದಾರೆ. ಈಗ ತೋರಿಸುವುದು 2016ರಲ್ಲಿ ತೆರೆದ ಪೂರ್ತಿ ಪ್ರತಿಕೃತಿ, ಟಿಕೆಟ್ಟಿಗೆ ಗಂಟೆ ನಿಗದಿ, ಮೊದಲೇ ತೆಗೆಯಿರಿ. ಬುಧವಾರ ಬೆಳಗ್ಗೆ ಸಾರ್ಲಾ ಸಂತೆ, ಒಂಬತ್ತರೊಳಗೆ ಹೋದರೆ ಪಾರ್ಕಿಂಗ್ ಸಿಗುತ್ತದೆ. ದೂರದ್ದು ಒಂದೇ ದಿನ ಇರಲಿ: ಸಾರ್ಲಾದಿಂದ ಸುಯ್ಯಾಕ್ ಮೇಲೆ, ಕಡಿದಾದ ಬಂಡೆಯ ಯಾತ್ರಾಸ್ಥಳ ರೊಕಾಮದೂರ್‌ಗೆ, ಹೋಗುವುದಕ್ಕೆ ಒಂದು ಗಂಟೆ ಹಿಡಿಯಿರಿ. ದಿನಕ್ಕೆ ಹೋಗಿ ಬರುವುದು ಸೇರಿ ಎರಡು ಗಂಟೆಗಿಂತ ಜಾಸ್ತಿ ಸ್ಟೀರಿಂಗ್ ಹಿಡಿಯಬಾರದು ಅನ್ನುವುದು ನಮ್ಮ ಮನೆಯ ಕಾನೂನು. ನಮ್ಮನೆಯವರು ಒಪ್ಪಿದ್ದಾರೆ, ಮನಸ್ಸಿಲ್ಲದೆ.

ಹೊರಗಿನ ಊಟ ಹನ್ನೆರಡರಿಂದ ಎರಡರೊಳಗೆ, ಎರಡೂವರೆಗೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ. ಆ ಸೀಮೆಯಲ್ಲಿ ಎಲ್ಲೆಲ್ಲೂ ಬಾತುಕೋಳಿ. ಸಲಾಡ್ ಅಂತ ನೆಮ್ಮದಿಯಾಗಿ ಹೇಳಿದರೆ ಅದರಲ್ಲೂ ಹಂದಿ ಮಾಂಸದ ಚೂರು ಬಂದೀತು, ಕೇಳಿಯೇ ತಿನ್ನಿ. ಮನೆ ಅಡುಗೆಗೆ ಸಾರಿನ ಪುಡಿ, ಚಟ್ನಿ ಪುಡಿ ಒಯ್ಯಿರಿ. ತುಪ್ಪ, ಪೇಡ ಬೇಡ: ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಯುರೋಪಿನೊಳಗೆ ಬಿಡುವುದಿಲ್ಲ. ಹಸಿ ಕರಿಬೇವನ್ನೂ ಬಿಡುವುದಿಲ್ಲ. ಅಲ್ಲಿನ ಬೆಣ್ಣೆ ಬಹಳ ಚೆನ್ನಾಗಿರುತ್ತದೆ, ಉಪ್ಪು ಹಾಕದ್ದನ್ನು ತಂದು ಕಾಯಿಸಿದರೆ ಅರ್ಧ ಗಂಟೆಯಲ್ಲಿ ತುಪ್ಪ. ನಾನು ಫಿಲ್ಟರ್ ಮತ್ತು ನಮ್ಮ ತೋಟದ ಪುಡಿಯನ್ನೂ ಒಯ್ಯುತ್ತೇನೆ, ಅದು ಬೇರೆ ಮಾತು.

ಪೆಟ್ರೋಲ್ ಹಾಕಿಸುವಾಗ ನಳಿಕೆ ನೋಡಿ: ವೃತ್ತದೊಳಗೆ ಇ5, ಇ10 ಇದ್ದರೆ ಪೆಟ್ರೋಲ್, ಚೌಕದೊಳಗೆ ಬಿ7 ಇದ್ದರೆ ಡೀಸೆಲ್. ಡೀಸೆಲ್‌ಗೆ ಅಲ್ಲಿ ಗಾಝೋಲ್ ಅನ್ನುತ್ತಾರೆ, ಗ್ಯಾಸೊಲಿನ್ ಅಂದುಕೊಂಡು ಪೆಟ್ರೋಲ್ ಕಾರಿಗೆ ಹಾಕಬೇಡಿ. ಸೂಪರ್‌ಮಾರ್ಕೆಟ್ ಪಂಪ್‌ಗಳಲ್ಲಿ ಅಗ್ಗ. ಎಷ್ಟೋ ಕಡೆ ಆಳಿರುವುದಿಲ್ಲ, ಕಾರ್ಡ್ ಮತ್ತು ಪಿನ್ ಮಾತ್ರ. ಮೊದಲು ದೊಡ್ಡ ಮೊತ್ತ ಹಿಡಿದಿಟ್ಟು ಆಮೇಲೆ ಬಿಡುತ್ತಾರೆ, ಎರಡನೇ ಕಾರ್ಡ್ ಒಂದು ಇರಲಿ.

ಹೊರಡುವ ಶನಿವಾರಕ್ಕೂ ಒಂದು ಯೋಜನೆ ಬೇಕು. ಹತ್ತು ಗಂಟೆಗೆ ಮನೆ ಬಿಡಬೇಕು, ಮಾಲೀಕರು ಬಂದು ತಟ್ಟೆ ಲೋಟ ಸಮೇತ ನೋಡಿಯೇ ಡೆಪಾಸಿಟ್ ಕೊಡುವುದು. ಸರ್ಕಾರದ ಟ್ರಾಫಿಕ್ ಸೂಚನೆ ಬಿಝೋಂ ಫ್ಯೂತೆ ಹಿಂದಿನ ರಾತ್ರಿ ನೋಡಿಕೊಳ್ಳಿ: ಹಸಿರು, ಕಿತ್ತಳೆ, ಕೆಂಪು, ಕಪ್ಪು ಅಂತ ದಿನಗಳಿಗೆ ಬಣ್ಣ ಕೊಡುತ್ತದೆ. ಕಪ್ಪು ದಿನ ಹೆಚ್ಚಾಗಿ ಜುಲೈ ಕೊನೆ, ಆಗಸ್ಟ್ ಮೊದಲಿನ ಶನಿವಾರ. ಕಾರು ವಾಪಸ್ ಕೊಡುವ ಆಫೀಸು ಸಣ್ಣ ಊರಿನದಾದರೆ ಮಧ್ಯಾಹ್ನ ಹನ್ನೆರಡರಿಂದ ಎರಡು ಬಾಗಿಲು ಹಾಕಿರಬಹುದು, ಭಾನುವಾರವಂತೂ ತೆರೆಯದೇ ಇರಬಹುದು. ಹಾಗಾಗಿ ವಿಮಾನ ಭಾನುವಾರ ಇದ್ದರೆ ಕಾರನ್ನು ಶನಿವಾರವೇ ದೊಡ್ಡ ರೈಲು ನಿಲ್ದಾಣದ ಆಫೀಸಿನಲ್ಲಿ ಕೊಟ್ಟು, ಟ್ಯಾಂಕ್ ತುಂಬಿರುವ ಮೀಟರಿನ ಫೋಟೋ ಮತ್ತು ನಾಲ್ಕೂ ಕಡೆಯ ಫೋಟೋ ತೆಗೆದಿಟ್ಟುಕೊಂಡು, ಆ ರಾತ್ರಿ ನಿಲ್ದಾಣದ ಹತ್ತಿರವೇ ರೂಮು ಮಾಡಿ.